ಸಂಡಿಗೆ ಕಾಯ್ದ ರೋಬೋಟು

ಹೇಮಪ್ಪ ಮಾಸ್ತರ ತನ್ನ ಮನೆಯ ಅಂಗಳದಲ್ಲಿ ಹಳೆಯ ಧೋತರ ಹಾಸಿ ಸಂಡಿಗೆ ಇಡುತ್ತಿದ್ದ. ಅರ್ಧ ತುಂಬುವಷ್ಟರಲ್ಲೇ ಗುಬ್ಬಿಗಳು ಇಳಿದವು. ಮಂಡಿ ಹಿಡಿದು ಎರಡು ತಿಂಗಳಿಂದ ಹೊಸ್ತಿಲು ದಾಟದ ತಾಯಿ ದುರಗಮ್ಮ ಬಾಗಿಲಲ್ಲಿ ಕೂತಲ್ಲಿಂದಲೇ ಕೋಲು ಬೀಸಿದಳು. ಗುಬ್ಬಿಗಳು ಕತ್ತು ಕೊಂಕಿಸಿ ನೋಡಿದವು, ಅಷ್ಟೇ.

ಹೇಮಪ್ಪನ ತಲೆಯಲ್ಲಿ ಮಿಂಚು ಹೊಡೆಯಿತು. ಅವನ ಸಾಲೆಯ ಹುಡುಗಿಯರು ಸ್ಪರ್ಧೆಗೆಂದು ಕಟ್ಟಿದ ರೋಬೋಟು ಮನೆಯಲ್ಲೇ ಇತ್ತು. ಎದುರಿಗೆ ಏನು ಅಲುಗಿದರೂ ಅದರ ಸೆನ್ಸರ್ ಹಿಡಿದು ಸೀಟಿ ಊದುತ್ತಿತ್ತು. ಇದರಿಂದ ಮನೆಗೆ ಏನು ಉಪಯೋಗ ಎಂದು ಬರೆದು ಕಳಿಸಿದರಷ್ಟೇ ಹುಡುಗಿಯರಿಗೆ ಕೊಪ್ಪಳದ ಸ್ಪರ್ಧೆಗೆ ಪ್ರವೇಶ. ಪತ್ರ ತಿಂಗಳಿಂದ ಅವನ ಜೇಬಿನಲ್ಲಿತ್ತು, ಉಪಯೋಗದ ಜಾಗ ಮಾತ್ರ ಖಾಲಿ. ನಾಳೆಯೇ ಕಡೆಯ ದಿನ.

"ಯವ್ವಾ, ಉಪಯೋಗ ಸಿಕ್ತು!" ಎಂದು ರೋಬೋಟನ್ನು ತಾಯಿಯ ಪಕ್ಕ, ಸಂಡಿಗೆಗೆ ಎದುರಾಗಿ ಕೂರಿಸಿದ.

ಸೀಟಿ ಊದಿದ್ದೇ ತಡ, ಗುಬ್ಬಿಗಳು ಹಾರಿಹೋದವು, ಓಣಿ ಓಡಿಬಂತು.

"ಏನಾತ್ರಿ ಮಾಸ್ತರ, ಕುಕ್ಕರ್ ಸಿಡೀತೇನು?" ಎಂದಳು ಎದುರುಮನೆಯ ಫಾತಿಮಾಬೀ.

"ಬ್ಯಾಟರಿ ತಿರುವಿ ಹಾಕ್ರಿ," ಎಂದಳು ಪಕ್ಕದ ಮನೆಯ ಅನ್ನಮ್ಮ, ಹಸಿ ಸಂಡಿಗೆಯೊಂದನ್ನು ಬಾಯಿಗಿಟ್ಟುಕೊಂಡು. "ಉಪ್ಪು ಛಲೋ ಬಿದ್ದೈತಿ ನೋಡ ದುರಗಕ್ಕ."

ಬಂದವರು ಅಲುಗಿದ್ದಕ್ಕೆ ಯಂತ್ರ ಮತ್ತೆ ಊದಿತು. ಊದಿದ್ದಕ್ಕೆ ಮತ್ತಿಬ್ಬರು ಬಂದರು.

"ಪೂಜಿ ಇಲ್ದ ಕೆಲಸಕ್ಕ ಹಚ್ಚಿದ್ರ ಹಿಂಗ," ಎಂದು ದುರಗಮ್ಮ ಎಲೆಯಡಿಕೆ ಚೀಲದಿಂದ ವಿಭೂತಿ ತೆಗೆದು ಯಂತ್ರದ ಕಣ್ಣಿಗೆ ದಪ್ಪಗೆ ಬಳಿದಳು. ಅದು ಹೋಳಿಗೆ ಉಂಡು ಮಲಗಿದ ಬೀಗನಂತೆ ತೆಪ್ಪಗಾಯಿತು.

ಗುಬ್ಬಿಯೂ ಇಲ್ಲ, ಸೀಟಿಯೂ ಇಲ್ಲ, ಮಂದಿ ಚದುರಿದರು. ಹೇಮಪ್ಪ ಹಿಗ್ಗಿ ಒಳಗೆ ಹೋಗಿ "ಸಂಡಿಗೆ ಕಾಯಲು" ಎಂದು ಬರೆದ. ಅಷ್ಟರಲ್ಲಿ ಸೀಟಿ! ಹೊರಗೆ ಆರು ಜನ. ಬರೆದದ್ದನ್ನು ಹೊಡೆದುಹಾಕಿದ. ಸ್ಕ್ರೂ ಬಿಗಿದ, ತಂತಿ ಸಡಿಲಿಸಿದ. ಗಳಿಗೆ ಸುಮ್ಮನಿದ್ದು ಮತ್ತೆ ಸೀಟಿ, ಮತ್ತೆ ಓಣಿ. ಸಂಜೆಗೆ ಧೋತರದ ಮೇಲೆ ಉಳಿದದ್ದು ಹಿಟ್ಟಿನ ಕಲೆ.

"ಗುಬ್ಬಿ ಒಂದೂ ತಿನ್ನಲಿಲ್ಲ ಬಿಡ್ರಿ," ಎಂದು ಫಾತಿಮಾಬೀ ಸಮಾಧಾನ ಹೇಳಿ ಬಾಯಿ ಒರೆಸಿಕೊಂಡು ಹೋದಳು.

ತಲೆಯ ಮೇಲೆ ಕೈಹೊತ್ತು ಕೂತ ಹೇಮಪ್ಪನಿಗೆ ತಾಯಿಯ ಸೆರಗು ಕಂಡಿತು. ಅದರ ತುದಿಯೆಲ್ಲ ವಿಭೂತಿ.

"ಯವ್ವಾ! ಒರೆಸಿ ಒರೆಸಿ ಊದಿಸಿದಾಕಿ ನೀನೇನು?"

"ಬೈಬ್ಯಾಡೋ," ದುರಗಮ್ಮ ಹುಡುಗಿಯಂತೆ ನಕ್ಕಳು. "ನಳದ ಮುಂದ ನಿಂತು ನಾಕು ಮಾತಾಡಿ ಎರಡು ತಿಂಗಳಾತು. ಇದು ಊದಿದ್ರ ಮಂದಿ ತಾವ ಬರ್ತಾರ. ಸಾಕಾದ್ರ ಬಳಿಯೂದು, ಬ್ಯಾಸರಾದ್ರ ಒರೆಸೂದು."

ಹೇಮಪ್ಪ ಜೇಬಿನಿಂದ ಪತ್ರ ತೆಗೆದ. "ನಡೆಯಲಾಗದವರು ನೆರೆಯವರನ್ನು ಕರೆಯಲು" ಎಂದು ಬರೆದು ಲಕೋಟೆ ಅಂಟಿಸಿದ. ಫಾತಿಮಾಬೀಯ ಮಗ ಮಾಜೀದ ಕೊಪ್ಪಳದ ಬಸ್ಸಿಗೆ ಹೊರಟಿದ್ದ, ಲಕೋಟೆ ಕೊಡಲು ಅವನ ಹಿಂದೆ ಓಡಿದ.

"ಬರೂವಾಗ ಅಕ್ಕಿಹಿಟ್ಟು ತಾ!" ತಾಯಿ ಕೂಗಿದಳು. "ಮುಂಜಾನೆ ಸಾಲಿಗೆ ಹೋಗೂದ್ರಾಗ ಮತ್ತ ಸಂಡಿಗಿ ಇಡು. ಈ ಸಲ ಎರಡು ಧೋತರ, ಮಂದಿ ಭಾಳ ಬರ್ತಾರ."

ಮಾಜೀದನ ಜೇಬಿನಲ್ಲಿ ಪತ್ರ ಕೊನೆಗೂ ಹೊರಟಿತು. ಬಸ್ಸಿನ ಸದ್ದು ಅಡಗುವಷ್ಟರಲ್ಲಿ ಓಣಿಯ ಕಡೆಯಿಂದ ಸೀಟಿ ಕೇಳಿಸಿತು.