ಸಮುದ್ರದ ತಾಲೀಮು

ಸಮುದ್ರಕ್ಕೆ ಪ್ರವಾಸ ಹೋಗುವುದು ಹೇಗೆ ಎಂಬ ವಿಷಯದಲ್ಲಿ ಇಡೀ ಕೊಪ್ಪಳದಲ್ಲಿ ಉಮಾಪತಿ ಮಾಸ್ತರರಷ್ಟು ತಿಳಿದವರು ಇನ್ನೊಬ್ಬರಿರಲಿಲ್ಲ. ಸಮುದ್ರವೊಂದನ್ನು ಅವರು ನೋಡಿರಲಿಲ್ಲ, ಅಷ್ಟೇ.

ಹೈಸ್ಕೂಲಿನಲ್ಲಿ ಭೂಗೋಳ ಹೇಳುತ್ತಿದ್ದುದರಿಂದ ಅರಬ್ಬೀ ಸಮುದ್ರದ ಮೇಲೆ ತಮಗೊಂದು ಹಕ್ಕಿದೆ ಎಂದು ಅವರು ಭಾವಿಸಿದ್ದರು. ಅದರ ಮೇಲೆ ಮೊಬೈಲಿನಲ್ಲಿ ಪ್ರವಾಸದ ವಿಡಿಯೋ ನೋಡುವ ಚಟ ಬೇರೆ. ಊರಲ್ಲಿ ಯಾರಾದರೂ ಗೋವಾಕ್ಕೋ ಮಂಗಳೂರಿಗೋ ಹೊರಟರೆಂದು ಕಿವಿಗೆ ಬಿದ್ದರೆ ಸಾಕು, ಚಹಾದಂಗಡಿಯ ಮುಂದೆ ಅವರನ್ನು ಅಡ್ಡಗಟ್ಟಿ ನಿಲ್ಲಿಸಿಬಿಡುತ್ತಿದ್ದರು. "ಅರಿವಿ ಮಡಚಬ್ಯಾಡ್ರಿ, ಸುರುಳಿ ಸುತ್ರಿ. ಆಧಾರ್ ಕಾರ್ಡಿನ ಝೆರಾಕ್ಸ್ ಎರಡು ಕಡಿ ಇಡ್ರಿ. ಸಮುದ್ರದ ದಂಡಿಗೆ ಬಂಗಾರ ಹಾಕ್ಕೊಂಡು ಹೋಗಬ್ಯಾಡ್ರಿ. ದೊಡ್ಡ ಊರಾಗ ಆಟೋದವನ ಮುಂದ ಹಾದಿ ಗೊತ್ತಿಲ್ಲಂತ ಬಾಯಿ ಬಿಡಬ್ಯಾಡ್ರಿ, ಅಲ್ಲೇ ಹುಟ್ಟಿದವ್ರಂಗ ಕುಂದ್ರಿ!" ಕೇಳಿದವರು ತಲೆಯಾಡಿಸಿ ಹೋಗುತ್ತಿದ್ದರು. ಹೋದವರೆಲ್ಲ ಅರಿವೆ ಮಡಚಿಕೊಂಡೇ ಹೋಗಿ, ಸುಖವಾಗಿ ಸಮುದ್ರ ನೋಡಿಕೊಂಡು ಬರುತ್ತಿದ್ದರು.

"ಓಣಿ ಮಂದಿನೆಲ್ಲಾ ಸಮುದ್ರಕ್ಕ ಕಳಿಸಿದ್ರಿ," ಎನ್ನುತ್ತಿದ್ದಳು ಹೆಂಡತಿ ದಾನೇಶ್ವರಿ. "ನಾವು ಯಾವಾಗ ಹೋಗೂದು? ಬರೂ ವರ್ಷ, ಬರೂ ವರ್ಷ ಅಂತ ನನ್ನ ಕೂದಲ ಬೆಳ್ಳಗಾದ್ವು."

ನಿಜ ಹೇಳಬೇಕೆಂದರೆ ಆಸೆ ಮಾಸ್ತರರಿಗೆ ಅವಳಿಗಿಂತ ಹೆಚ್ಚಾಗಿತ್ತು. ಮಕ್ಕಳಿಗೆ ಬೋರ್ಡಿನ ಮೇಲೆ ಅಲೆಯ ಚಿತ್ರ ಬರೆಯುವಾಗ ಒಮ್ಮೊಮ್ಮೆ ಸೀಮೆಸುಣ್ಣ ಹಿಡಿದ ಕೈ ನಿಂತುಬಿಡುತ್ತಿತ್ತು. ನಿಜವಾದದ್ದು ಹೇಗಿರುತ್ತದೋ ಏನೋ, ಒಂದು ಸಲ ಮುಂದೆ ನಿಂತು ಕಣ್ಣು ತುಂಬ ನೋಡಬೇಕು ಎನಿಸುತ್ತಿತ್ತು. ಆದರೆ ಇಷ್ಟು ಜನಕ್ಕೆ ಇಷ್ಟು ವರ್ಷ ಉಪದೇಶ ಮಾಡಿದ ಮೇಲೆ ಆ ಆಸೆಯನ್ನು ಬಾಯಿ ಬಿಟ್ಟು ಹೇಳಲು ಮಾಸ್ತರರಿಗೆ ನಾಚಿಕೆ.

ಅಂತೂ ಈ ಸಲದ ದಸರಾ ರಜೆಗೆ ಗೋಕರ್ಣದಲ್ಲಿ ಲಾಡ್ಜು, ಅಲ್ಲಿಂದ ಮಂಗಳೂರು ನಗರ ದರ್ಶನ, ಎಲ್ಲವೂ ನಿಗದಿಯಾಯಿತು. ಹೊರಡಲು ಇನ್ನೂ ಹತ್ತು ದಿನವಿರುವಾಗ ಮಾಸ್ತರರ ಕಣ್ಣಿಗೆ ಆ ಹಾಳು ವಿಡಿಯೋ ಬಿತ್ತು. ಗಡ್ಡದ ಯುವಕನೊಬ್ಬ ಅದರಲ್ಲಿ ಹೇಳುತ್ತಿದ್ದ: ಹೊರಡುವುದಕ್ಕೆ ಮೊದಲೇ ಸಾಮಾನೆಲ್ಲ ಕಟ್ಟಿ, ಪ್ರವಾಸದ ಉಡುಪಿನಲ್ಲೇ ನಿಮ್ಮ ಊರಿನಲ್ಲೊಂದು ಸುತ್ತು ಹಾಕಿ ಬನ್ನಿ, ಯಾವುದು ಭಾರ, ಯಾವುದು ಬೇಡ ಎಂದು ಆಗ ತಿಳಿಯುತ್ತದೆ.

"ದಾನಮ್ಮ, ಐತಾರ ಮುಂಜಾನೆ ತಾಲೀಮು!" ಎಂದು ಮಾಸ್ತರರು ಘೋಷಿಸಿದರು.

"ಯಾತರ ತಾಲೀಮ್ರಿ? ನಾಟಕ ಆಡಾಕ ಹೊಂಟೀರೇನು?"

"ಪ್ರವಾಸದ್ದು. ಬ್ಯಾಗ್ ಹೊತ್ಕೊಂಡು ರೈಲ್ವೆ ಸ್ಟೇಷನ್ ತನಕ ಹೋಗೂದು, ಹೊಳ್ಳಿ ಬರೂದು. ಯಾವುದು ಭಾರ, ಯಾವುದು ಬ್ಯಾಡ ಅಂತ ಗೊತ್ತಾಗತೈತಿ."

"ಹಂಗಾರ ಮದುವಿಗೂ ಒಂದು ತಾಲೀಮು ಇಟ್ಟಿದ್ರ ಛಲೋ ಇತ್ತು. ಯಾವುದು ಭಾರ, ಯಾವುದು ಬ್ಯಾಡ ಅಂತ ನನಗ ಅವಾಗ ಗೊತ್ತಾಗತಿತ್ತು."

ಮಾಸ್ತರರು ಇದನ್ನು ಕೇಳಿಸಿಕೊಳ್ಳಲಿಲ್ಲ. (ಕಿವಿ ಚೆನ್ನಾಗಿಯೇ ಇವೆ. ಸಂಸಾರ ಮಾಡಿದವರಿಗೆ ಇದರ ಮರ್ಮ ಬಿಡಿಸಿ ಹೇಳಬೇಕಾಗಿಲ್ಲ.)

ಭಾನುವಾರ ಬೆಳಗ್ಗೆ ಓಣಿ ಏಳುವ ಮುನ್ನವೇ ಗುಟ್ಟಾಗಿ ಹೋಗಿ ಬರುವುದು ಅವರ ಯೋಜನೆ. ಆದರೆ ದಾನೇಶ್ವರಿ ಎದ್ದವಳೇ ಒಲೆಯ ಮುಂದೆ ಕುಳಿತು ಪಟಪಟ ರೊಟ್ಟಿ ಬಡಿಯತೊಡಗಿದಳು.

"ತಾಲೀಮಿಗೆ ರೊಟ್ಟಿ ಯಾಕ?"

"ನೀವ ಹೇಳಿದ್ರಲ್ಲ, ಎಲ್ಲಾ ಖರೇ ಪ್ರವಾಸದಂಗ ಇರಬೇಕಂತ. ಖರೇ ಪ್ರವಾಸಕ್ಕ ನಾ ಬುತ್ತಿ ಬಿಟ್ಟು ಬರಾಕಿ ಅಲ್ಲ."

ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಪಲ್ಯ ಎಲ್ಲ ಡಬ್ಬಿಗೆ ಸೇರಿ ಬಾಗಿಲು ದಾಟುವ ಹೊತ್ತಿಗೆ ಸೂರ್ಯ ಮೇಲೇರಿದ್ದ, ಓಣಿಗೆ ಓಣಿಯೇ ಕಟ್ಟೆಯ ಮೇಲಿತ್ತು. ಮಾಸ್ತರರು ಮೊಣಕಾಲ ಮೇಲಿನ ಚಡ್ಡಿ, ಹುಲ್ಲಿನ ಟೋಪಿ, ಕರಿ ಚಷ್ಮಾ ಧರಿಸಿ, ಬಿಸಿಲಿಗೆ ಹಚ್ಚುವ ಮುಲಾಮನ್ನು ಮುಖಕ್ಕೆ ಮೆತ್ತಿಕೊಂಡಿದ್ದರು. ಮಾಸ್ತರರಿಗೆ ಮೊಣಕಾಲುಗಳಿವೆ ಎಂಬ ಸಂಗತಿ ಅಂದು ಓಣಿಗೆ ಮೊದಲ ಬಾರಿಗೆ ತಿಳಿಯಿತು.

ಎದುರುಮನೆಯ ಹಸನಬೀ ಅಕ್ಕಿ ಹಸನು ಮಾಡುವುದನ್ನು ನಿಲ್ಲಿಸಿ ಎದ್ದು ನಿಂತಳು. "ಯಾ ಅಲ್ಲಾ! ಮಾಸ್ತರ, ಸಮುದ್ರಕ್ಕ ಹೊಂಟ್ರೇನ್ರಿ? ಬರೂ ವಾರ ಅಂದಿದ್ರಿ?"

"ಇಲ್ಲ ಹಸನಬೀ, ಇದು ತಾಲೀಮು" ಎಂದು ಒಂದು ಮಾತು ಹೇಳಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಐವತ್ತರ ಹತ್ತಿರ ಬಂದ ಗಂಡಸು, ಅದೂ ಮಾಸ್ತರ, ಚಡ್ಡಿ ಹಾಕಿಕೊಂಡು ಹಾಡಹಗಲೇ ಸುಳ್ಳು ಪ್ರವಾಸ ಮಾಡುತ್ತಿದ್ದೇನೆ ಎಂದು ಯಾವ ಬಾಯಲ್ಲಿ ಹೇಳುವುದು?

"ಹೂನ್ರಿ," ಎಂದರು ಮಾಸ್ತರರು. "ಹೊಂಟೀವಿ."

ದಾನೇಶ್ವರಿ ಗಂಡನ ಮುಖ ನೋಡಿದಳು. ಕರಿ ಚಷ್ಮಾದಿಂದಾಗಿ ಒಳಗಿನ ಕಣ್ಣು ಕಾಣಲಿಲ್ಲ.

ಮುಂದಿನದೆಲ್ಲ ಅವರ ಕೈಮೀರಿ ನಡೆಯಿತು. ಪಕ್ಕದ ಮನೆಯ ಪಾರಮ್ಮ "ತಡೀರಿ, ಬರೇ ಉಡೀಲೆ ಹೆಂಗ ಕಳಿಸೂದು?" ಎಂದು ಒಳಗೆ ಓಡಿ, ಅಕ್ಕಿ, ಕೊಬ್ಬರಿ, ಖಣ, ಎಲೆ ಅಡಿಕೆ ತಂದು ನಡುಬೀದಿಯಲ್ಲೇ ದಾನೇಶ್ವರಿಯ ಸೆರಗು ಹಿಡಿಸಿ ಉಡಿ ತುಂಬಿದಳು. ಹಸನಬೀ ಮಗನನ್ನು ಕೂಗಿದಳು. ಮಗ ಅಕ್ಬರ ಮಾಸ್ತರರ ಹಳೆಯ ವಿದ್ಯಾರ್ಥಿ. ಭೂಗೋಳದಲ್ಲಿ ಎರಡು ಸಲ ನಪಾಸಾಗಿ ಈಗ ಆಟೋ ಓಡಿಸುತ್ತಿದ್ದ. "ಸರ್, ನಡಕೊಂಡು ಹೋಗೂದೇನು, ನಾ ಇಲ್ಲೇನು?" ಎಂದು ಬ್ಯಾಗುಗಳನ್ನು ಕಸಿದು ಆಟೋಕ್ಕೆ ತುಂಬಿದ.

ಮಾಸ್ತರರು ಬಾಗಿಲಲ್ಲಿ ನಿಂತಿದ್ದ ತಾಯಿ ಬಸವಣ್ಣೆಮ್ಮನ ಕಿವಿಯ ಹತ್ತಿರ ಬಗ್ಗಿದರು. "ಯವ್ವಾ, ಒಂದು ತಾಸಿನಾಗ ಹೊಳ್ಳಿ ಬರ್ತೀವಿ. ಹಿತ್ತಲ ಬಾಗಲಾ ತಗದಿಡು."

"ಹುಚ್ಚಾ!" ಎಂದಳು ಮುದುಕಿ. "ಉಡಿ ತುಂಬಿಸ್ಕೊಂಡು ಹೊಸ್ತಿಲಾ ದಾಟಿದಾಕಿ ಊರು ಮುಟ್ಟದ ಹೊಳ್ಳಿ ಬರೂದು ನಮ್ಮ ಮನಿತನದಾಗ ನಡದಿಲ್ಲ. ಹೊಂಟವ್ರು ಹೋಗಿ ನಾಕು ದಿನ ಇದ್ದು ಬರ್ರಿ."

ಮುಂಬಾಗಿಲಿನ ಚಿಲಕ ಬಿದ್ದ ಸದ್ದಾಯಿತು. ಮಾಸ್ತರರು ಆಟೋ ಹತ್ತುವಷ್ಟರಲ್ಲಿ ಹಿತ್ತಲ ಚಿಲಕವೂ ಬಿತ್ತು.

ಸ್ಟೇಷನ್ನಿನ ಹತ್ತಿರ ಇಳಿಸಿ ಹೋಗುತ್ತಾನೆ, ಆಮೇಲೆ ಏನಾದರೂ ಮಾಡಿದರಾಯಿತು ಎಂದುಕೊಂಡರೆ, ಅಕ್ಬರ ಬಸ್ ಸ್ಟ್ಯಾಂಡಿಗೇ ಕರೆದೊಯ್ದ. ಗದಗಿನ ಬಸ್ಸಿನ ಕಿಟಕಿಯೊಳಗೆ ಟವೆಲ್ಲು ಎಸೆದು ಎರಡು ಸೀಟು ಹಿಡಿದ. ಹೋಗಪ್ಪಾ ಎಂದರೂ ಹೋಗಲೊಲ್ಲ. "ಸರ್, ಗದಗ, ಹುಬ್ಬಳ್ಳಿ, ಅಲ್ಲಿಂದ ಗೋಕರ್ಣ. ಹೊತ್ತು ಮುಣಗೂದ್ರಾಗ ಸಮುದ್ರದಾಗ ಇರ್ತೀರಿ!" ಎಂದು ಬಸ್ಸು ಕದಲುವವರೆಗೂ ಕೈ ಬೀಸುತ್ತ ನಿಂತ.

ಬಸ್ಸು ಊರು ದಾಟಿತು. ದಾನೇಶ್ವರಿ ಉಡಿಯ ಅಕ್ಕಿ ಚೆಲ್ಲದಂತೆ ಸೆರಗು ಬಿಗಿದು ಮೆಲ್ಲಗೆ ಹೇಳಿದಳು. "ಹೆಂಗೂ ಹೊಂಟೀವಿ. ಖರೇನ ಹೋಗಿಬಿಡೂಣ್ರಿ. ಬ್ಯಾಗ್ ಐತಿ, ಬುತ್ತಿ ಐತಿ."

ಎಂಥ ಸರಳವಾದ ಮಾತು! ಯಾವ ಗಂಡನಾದರೂ ಒಪ್ಪುತ್ತಿದ್ದ. ಮಾಸ್ತರರು ಒಪ್ಪಲಿಲ್ಲ.

"ನಮ್ಮ ಬುಕಿಂಗ್ ಇರೂದು ಬರೂ ಐತಾರಕ್ಕ. ರಜಾದಾಗ ಬುಕಿಂಗ್ ಇಲ್ದ ಹೋಗಬಾರದು ದಾನಮ್ಮ. ಅದು ಪ್ರವಾಸದ ಮೊದಲನೇ ನಿಯಮ."

ದಾನೇಶ್ವರಿ ಮುಖವನ್ನು ಕಿಟಕಿಗೆ ತಿರುಗಿಸಿದಳು. ಬನ್ನಿಕೊಪ್ಪ ಬಂದಾಗ ಎದ್ದು ನಿಂತು, "ಇಳೀರಿ, ಇಟಗ್ಯಾಗ ನಮ್ಮಕ್ಕನ ಮನಿ ಐತಿ. ಅಲ್ಲಿ ಬುಕಿಂಗ್ ಬೇಕಾಗಿಲ್ಲ," ಎಂದಳು.

ಇಟಗಿಯ ಅಕ್ಕನ ಗಂಡ ಕೊಟ್ರೇಶ, ಅಂದರೆ ಮಾಸ್ತರರ ಷಡ್ಡಕ, ಟೋಪಿಯಿಂದ ಚಡ್ಡಿಯವರೆಗೆ ನೋಡಿ, "ಏನ್ರಿ ಮಾಸ್ತರ, ಸಮುದ್ರ ನಮ್ಮೂರಿಗೆ ಬಂದೈತೇನು?" ಎಂದು ಕೇಳಿದ. ಊರಿನ ಪ್ರಸಿದ್ಧ ಮಹಾದೇವ ಗುಡಿಯ ಶಿಲ್ಪ ಅಭ್ಯಾಸ ಮಾಡಲು ಬಂದಿದ್ದೇವೆ ಎಂದರು ಮಾಸ್ತರರು. ಚಡ್ಡಿಯಲ್ಲಿ ಯಾಕೆ ಎಂದು ಅವನು ಕೇಳಲಿಲ್ಲ. ಅದು ಶೇಂಗಾ ಕೀಳುವ ಕಾಲ, ಆಳು ಸಿಗುತ್ತಿರಲಿಲ್ಲ. ಚಡ್ಡಿ ಹಾಕಿಕೊಂಡು ಬಂದ ನೆಂಟನನ್ನು ಕೊಟ್ರೇಶ ನೇರವಾಗಿ ಹೊಲಕ್ಕೆ ಕರೆದೊಯ್ದ. ನಾಲ್ಕು ದಿನ ಮಾಸ್ತರರು ಶೇಂಗಾ ಕಿತ್ತರು. ಮಹಾದೇವ ದೇವಾಲಯದ ಶಿಖರವನ್ನು ಸಾಲಿನ ನಡುವೆ ಬೆನ್ನು ನೆಟ್ಟಗೆ ಮಾಡುವಾಗಲಷ್ಟೇ ದೂರದಿಂದ ಅಭ್ಯಾಸ ಮಾಡಿದರು. ಮುಲಾಮು ಎರಡನೆಯ ದಿನಕ್ಕೇ ತೀರಿತು.

ಊರಿಗೆ ಬಂದಾಗ ಓಣಿ ಬೆರಗಾಯಿತು. "ಸಮುದ್ರದ ಬಿಸಲಿಗೆ ಎಷ್ಟು ಕರ್ರಗಾಗ್ಯಾರ ನೋಡವ್ವ!" ಎಂದಳು ಪಾರಮ್ಮ. ಕೊಟ್ರೇಶ ಕೊಟ್ಟ ಸೀತಾಫಲವನ್ನು ದಾನೇಶ್ವರಿ ಮನೆಮನೆಗೂ ಹಂಚಿದಳು. ತಿಂದವರು, ಗೋಕರ್ಣದ ಸೀತಾಫಲ ಥೇಟ್ ನಮ್ಮ ಕಡೆಯ ಹಣ್ಣಿನ ಹಾಗೆಯೇ ಇದೆ ಎಂದು ಆಶ್ಚರ್ಯಪಟ್ಟರು. ಕಟ್ಟೆಯ ಮೇಲೆ ಕುಳಿತ ಮಾಸ್ತರರು ಪಠ್ಯಪುಸ್ತಕದ ಮೂರನೆಯ ಅಧ್ಯಾಯದಿಂದ ಸಮುದ್ರವನ್ನು ಎಷ್ಟು ಸೊಗಸಾಗಿ ವರ್ಣಿಸಿದರೆಂದರೆ ಕೇಳುತ್ತಿದ್ದ ಹಸನಬೀಯ ಕಣ್ಣಲ್ಲಿ ನೀರು ಬಂತು.

"ಮಾಸ್ತರ," ಎಂದಳು ಅವಳು. "ಹಾದಿ ಗೊತ್ತಿದ್ದವ್ರು ನೀವು. ನಮ್ಮನ್ನೂ ಒಂದು ಸಲ ಕರ್ಕೊಂಡು ಹೋಗ್ರಿ. ಬರೂ ಐತಾರ ಅಕ್ಬರ ಟೆಂಪೋ ಗೊತ್ತು ಮಾಡ್ತಾನ."

ಮಾಸ್ತರರ ಎದೆ ಹಾರಿತು, ಆನಂದದಿಂದ! ಬರುವ ಐತಾರವೇ ತಮ್ಮ ನಿಜವಾದ ಪ್ರವಾಸ. ಈ ಸುಳ್ಳಿನ ನಂತರ ಮತ್ತೆ ಹೇಗೆ ಹೊರಡುವುದು ಎಂದು ಅವರು ಊಟ ಬಿಟ್ಟು ಯೋಚಿಸುತ್ತಿದ್ದರು. ಈಗ ಓಣಿಯೇ ಕೈಹಿಡಿದು ಕರೆದೊಯ್ಯುತ್ತಿದೆ. "ಆತ್ರಿ, ನಿಮ್ಮ ಸಲುವಾಗಿ ಇನ್ನೊಮ್ಮೆ ತ್ರಾಸು ತಗೋತೀನಿ," ಎಂದರು. ಬಸವಣ್ಣೆಮ್ಮ ಕೂಡ ಸೀರೆ ಮಡಚಿಟ್ಟುಕೊಂಡು ಹೊರಟಳು.

ದಾರಿಯುದ್ದಕ್ಕೂ ಟೆಂಪೋದಲ್ಲಿ ಮಾಸ್ತರರದೇ ಮಾತು. "ದಂಡಿಗೆ ಹೋದ ಕೂಡ್ಲೇ ಎಲ್ಲಾರೂ ಒಮ್ಮಿಗೇ ನೀರಿಗೆ ಬೀಳಬಾರದು. ಸಾಮಾನಿಗೆ ಒಬ್ರು ಕಾವಲು ಇರಬೇಕು," ಎಂದೆಲ್ಲ ಹೇಳಿದರು. ಆದರೆ ಘಟ್ಟ ಇಳಿದು ಉಪ್ಪುಗಾಳಿ ಮುಖಕ್ಕೆ ಬಡಿಯುತ್ತಲೇ ಅವರ ಮಾತು ನಿಂತಿತು. ಕಿಟಕಿಯಿಂದ ಇಣುಕಿ ನೋಡಬಾರದು, ಮರಳ ಮೇಲೆ ನಿಂತು ಒಂದೇ ಸಲಕ್ಕೆ ಪೂರ್ತಿ ನೋಡಬೇಕು ಎಂದು ಕಣ್ಣು ಮುಚ್ಚಿ ಕುಳಿತರು. ನಿದ್ದೆ ಬಂದಿದೆ ಎಂದು ಓಣಿ ತಿಳಿಯಿತು.

ಟೆಂಪೋ ನಿಂತಾಗ ಎಲ್ಲರೂ ತಮ್ಮ ತಮ್ಮ ಗಂಟನ್ನು ಅನುಭವಸ್ಥರ ಕೈಗೆ ಕೊಟ್ಟು ಓಡಿದರು. ಜಮಖಾನೆ, ಚೀಲ, ಬುತ್ತಿಗಂಟು ಎಲ್ಲ ಮುಖದವರೆಗೂ ಪೇರಿಸಿಕೊಂಡು, ಮುಂದೇನೂ ಕಾಣದೆ, ಅಲೆಯ ಸದ್ದನ್ನಷ್ಟೇ ಕೇಳುತ್ತ ಮಾಸ್ತರರು ಮರಳಲ್ಲಿ ಕಾಲೆಳೆದರು. ನುಣ್ಣಗೆ, ಹಸಿಯಾಗಿ, ತಂಪಾಗಿದ್ದ ಒಂದು ಜಾಗ ಕಾಲಿಗೆ ಹಿತವೆನಿಸಿತು. ಅಲ್ಲೇ ಸಾಮಾನು ಇಳಿಸಿದರು. ಆ ಮರಳು ಯಾಕೆ ಹಸಿಯಾಗಿದೆ ಎಂದು ಭೂಗೋಳದ ಮಾಸ್ತರರು ವಿಚಾರಿಸಲಿಲ್ಲ.

ಇನ್ನೇನು ತಲೆಯೆತ್ತಬೇಕು, ಅಷ್ಟರಲ್ಲಿ ಪಾರಮ್ಮ, "ಸಾಮಾನಿಗೆ ಯಾರು ಕುಂದರ್ತೀರಿ?" ಎಂದಳು.

"ಇವರು ಅದಾರಲ್ಲ," ಎಂದಳು ದಾನೇಶ್ವರಿ, ಸೀರೆಯ ನಿರಿಗೆ ಎತ್ತಿ ಕಟ್ಟುತ್ತ. "ನೋಡಿ ಬಂದವ್ರು. ನನಗ ಹ್ವಾದ ಸಲ ನೆಗಡಿ ಆಗಿತ್ತು, ನೀರಿಗೆ ಇಳೀಲೇ ಇಲ್ಲ!" ಅವಳ ಕಣ್ಣಲ್ಲಿ ಇಟಗಿಯ ನಾಲ್ಕು ದಿನದ ಲೆಕ್ಕ ತೀರುತ್ತಿತ್ತು. ಎಲ್ಲವನ್ನೂ ಬಲ್ಲ ಬಸವಣ್ಣೆಮ್ಮನೂ ಮಗನ ತೊಡೆಯ ಮೇಲೆ ತನ್ನ ಚಪ್ಪಲಿ ಇಟ್ಟು, ಹಸನಬೀಯ ಕೈ ಹಿಡಿದು ನಡೆದೇಬಿಟ್ಟಳು.

ಎಲ್ಲರೂ ತಮ್ಮ ಮುಖವನ್ನೇ ನೋಡುತ್ತಿದ್ದಾರೆ ಎನಿಸಿತು ಮಾಸ್ತರರಿಗೆ. ನೋಡಿ ಬಂದವರು ಹೇಗಿರುತ್ತಾರೆ? ಅವರು ಸಮುದ್ರಕ್ಕೆ ಬೆನ್ನು ಮಾಡಿ, ಕಾಲು ಚಾಚಿ, ಆಕಳಿಸಿ ಕುಳಿತರು. "ಹೋಗ್ರಿ, ಹೋಗ್ರಿ. ನನಗೇನು ಹೊಸಾದಲ್ಲ."

ಎಲ್ಲರೂ ಅತ್ತ ಹೋದೊಡನೆ ತಿರುಗಿ ನೋಡಿದರಾಯಿತು ಎಂಬುದು ಲೆಕ್ಕ. ಆದರೆ ಕುತ್ತಿಗೆ ಹೊರಳಿಸುವಷ್ಟರಲ್ಲಿ ಅಕ್ಬರ ಮೊಬೈಲು ಕೊಡಲು ಬಂದ. ಅವನು ಹೋದರೆ ಪಾರಮ್ಮ ಬಳೆ ಬಿಚ್ಚಿಡಲು ಬಂದಳು. ಬೆನ್ನ ಹಿಂದೆ ಓಣಿಗೆ ಓಣಿಯೇ ಕೇಕೆ ಹಾಕುತ್ತಿತ್ತು. ದಾನೇಶ್ವರಿ ನಗುವುದು ಕೇಳಿಸಿತು. ಇಷ್ಟು ಜೋರಾಗಿ ಅವಳು ಮನೆಯಲ್ಲಿ ಎಂದೂ ನಕ್ಕಿರಲಿಲ್ಲ. ಮಾಸ್ತರರು ತಾಯಿಯ ಚಪ್ಪಲಿ ತೊಡೆಯ ಮೇಲಿಟ್ಟುಕೊಂಡು, ಎದುರಿಗಿದ್ದ ಎಳನೀರಿನ ಗಾಡಿಯನ್ನು ನೋಡುತ್ತ ಕುಳಿತರು. ಇಷ್ಟು ವರ್ಷ ಕಾದದ್ದು ಇದಕ್ಕೇನು ಎನಿಸಿತು.

ಆಗ ಬೆನ್ನಿಗೆ ಏನೋ ಧಪ್ಪನೆ ಅಪ್ಪಳಿಸಿತು. ಬುತ್ತಿಗಂಟು, ಚೀಲ, ಚಪ್ಪಲಿಗಳ ಸಮೇತ ಮಾಸ್ತರರು ಒಂದು ಮಾರು ಮುಂದಕ್ಕೆ ಉರುಳಿದರು. ಮೂಗು ಬಾಯಿಗೆಲ್ಲ ಉಪ್ಪುನೀರು. ಟೋಪಿ ಎಲ್ಲೋ, ಚಷ್ಮಾ ಎಲ್ಲೋ. ಮೊಣಕಾಲೂರಿ ಎದ್ದು, ಕಣ್ಣೊರೆಸಿಕೊಂಡು ತಿರುಗಿದರು.

ಎದುರಿಗೆ ನೀರು. ಎಡಕ್ಕೆ ನೀರು, ಬಲಕ್ಕೆ ನೀರು, ಆಕಾಶ ಮುಟ್ಟುವವರೆಗೂ ಬರೀ ನೀರು. ಬೋರ್ಡಿನ ಮೇಲೆ ಬರೆದದ್ದು ಯಾವುದೂ ಅದನ್ನು ಹೋಲುತ್ತಿರಲಿಲ್ಲ. ಮಾಸ್ತರರಿಗೆ ಓಣಿ ಮರೆತುಹೋಯಿತು, ಉಪದೇಶ ಮರೆತುಹೋಯಿತು, ತಾವು ನೋಡಿ ಬಂದವರು ಎಂಬುದೂ ಮರೆತುಹೋಯಿತು. ಎರಡೂ ಕೈ ಮೇಲೆತ್ತಿ ಅವರು ದಂಡೆಯೆಲ್ಲ ಕೇಳುವಂತೆ ಕೂಗಿದರು:

"ಯವ್ವಾ! ಎಷ್ಟು ದೊಡ್ಡದೈತೋ ಯಪ್ಪಾ ಇದು!"

ನೀರಲ್ಲಿದ್ದವರೆಲ್ಲ ಆಟ ನಿಲ್ಲಿಸಿ ತಿರುಗಿ ನೋಡಿದರು. ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ ಹಸನಬೀ ಮೆಲ್ಲಗೆ ಕೇಳಿದಳು:

"ಮಾಸ್ತರ, ಹ್ವಾದ ವಾರ ಸಣ್ಣದಿತ್ತೇನ್ರಿ?"