ನನ್ನ ಕಾಲ್ಗುಣ ಮತ್ತು ಆಸ್ಟ್ರೇಲಿಯಾ ಪ್ರವಾಸ

ಕೆಲವರನ್ನು ಕಂಡರೆ ಬೀದಿನಾಯಿಗೆ ಸುಮ್ಮನಿರಲಾಗುವುದಿಲ್ಲ. ಕೆಲವರು ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಬಸ್ಸು ಆಗತಾನೇ ಹೊರಟಿರುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಅಂಟಿಕೊಂಡಿರುತ್ತದೆ, ತಿಕ್ಕಿ ತೊಳೆದರೂ ಹೋಗುವುದಿಲ್ಲ. ನನಗೆ ಅಂಟಿಕೊಂಡದ್ದು ವಿಕೆಟ್.

ನಾನು ಒಂದು ಕಡೆ ನಿಲ್ಲುವ ಆಸಾಮಿ ಅಲ್ಲ. ಏಳನೇ ಕ್ಲಾಸಿನಲ್ಲಿ ಶಾಲೆ ಬಿಟ್ಟವನು ಹೋಟೆಲು, ಮಿಲ್ಲು, ಲಾರಿ ಅಂತ ಸುತ್ತಿ ಸುತ್ತಿ ಈಗ ಒಂದು ಪುಟ್ಟ ಲೋಡು ಗಾಡಿ ಓಡಿಸುತ್ತೇನೆ. ನಮ್ಮ ಕಡೆ ಅದನ್ನು ಕುಟ್ಟಿಯಾನೆ, ಅಂದರೆ ಮರಿ ಆನೆ, ಅನ್ನುತ್ತಾರೆ. ಇವತ್ತು ಕೊಯಮತ್ತೂರಿನಿಂದ ಪಂಪಿನ ಎರಕ, ನಾಳೆ ತಿರುಪ್ಪೂರಿಗೆ ಬಟ್ಟೆ ಬಂಡಲು, ನಾಡಿದ್ದು ಉಡುಮಲೈಪೇಟೆಯಿಂದ ತೆಂಗಿನಕಾಯಿ. ಹಾಗಾಗಿ ಕೊಯಮತ್ತೂರು, ತಿರುಪ್ಪೂರು ಎರಡೂ ಜಿಲ್ಲೆಗಳಲ್ಲಿ ಯಾವ ಅಂಗಡಿಯಲ್ಲಿ ಟಿ.ವಿ. ಇದೆ, ಯಾವುದರಲ್ಲಿ ಬಣ್ಣ ಸರಿಯಿದೆ ಅನ್ನೋದು ನನಗೆ ಬಾಯಿಪಾಠ.

ನಮ್ಮ ಕ್ರಿಕೆಟ್ ತಂಡ ಒಂದು ದಿನದ ಮೂರು ಪಂದ್ಯ ಆಡಲು ಆಸ್ಟ್ರೇಲಿಯಾಕ್ಕೆ ಹೋಯಿತು. ಬೇರೆ ಯಾರ ಹತ್ತಿರ ಸೋತರೂ ನನಗೆ ಊಟ ಸೇರುತ್ತದೆ. ಅವರ ಹತ್ತಿರ ಸೋತರೆ ನೀರೂ ಇಳಿಯುವುದಿಲ್ಲ. ಆಟ ಶುರುವಾಗುವುದು ನಮ್ಮ ಬೆಳಗಿನ ಹೊತ್ತು, ಸರಿಯಾಗಿ ನನ್ನ ಗಾಡಿ ಹೊರಡುವಾಗ. ನನ್ನದು ಒಂದೇ ಆಸೆ. ಮೂರರಲ್ಲಿ ಒಂದು ಪಂದ್ಯವನ್ನಾದರೂ ಕಣ್ತುಂಬ ನೋಡಬೇಕು. ದೊಡ್ಡ ಆಸೆಯೇ ಇದು? ನೀವೇ ಹೇಳಿ. ಅದಕ್ಕೆ ಈ ಜನ ನನಗೆ ಮಾಡಿದ್ದನ್ನು ಕೇಳಿ, ಆಮೇಲೆ ನ್ಯಾಯ ಹೇಳಿ.

ಪೆರಿಯನಾಯಕನಪಾಳ್ಯಂ

ಮೊದಲನೇ ಪಂದ್ಯದ ದಿನ ಮೇಟ್ಟುಪಾಳ್ಯಂ ರಸ್ತೆಯ ಒಂದು ಲೇತ್ ವರ್ಕ್‌ಶಾಪಿಗೆ ಎರಕ ಇಳಿಸಬೇಕಿತ್ತು. ಒಳಗೆ ಸ್ಪ್ಯಾನರ್ ಬೀರುವಿನ ಮೇಲೆ ಟಿ.ವಿ. ನಮ್ಮವರ ಬ್ಯಾಟಿಂಗ್. ವಿಕೆಟ್ಟೇ ಬಿದ್ದಿರಲಿಲ್ಲ.

ವರ್ಕ್‌ಶಾಪಿನಲ್ಲಿ ಯಾರೂ ಅಲುಗಾಡುತ್ತಿರಲಿಲ್ಲ. ಗೊತ್ತಲ್ಲ ಆ ಪದ್ಧತಿ, ಆಟ ಚೆನ್ನಾಗಿ ನಡೆಯುವಾಗ ಯಾರು ಹೇಗಿದ್ದರೋ ಹಾಗೇ ಇರಬೇಕು. ಟರ್ನರ್ ಒಬ್ಬ ಲೇತಿನ ಮೇಲೆ ಒಂದು ಕೈ ಇಟ್ಟವನು ತೆಗೆದಿರಲಿಲ್ಲ. ಮೋಟಾರು ರಿಪೇರಿಗೆ ಬಂದ ರೈತನೊಬ್ಬ ಚಪ್ಪಲಿ ಹಾಕಿಕೊಳ್ಳಲು ಒಂದು ಕಾಲು ಎತ್ತಿದವನು ಹಾಗೇ ಕೊಕ್ಕರೆಯಂತೆ ನಿಂತಿದ್ದ. ನಾನು ಬಾಗಿಲು ದಾಟಿದೆ. ಸ್ಟಂಪು ಹಾರಿತು.

ಎಲ್ಲರೂ ಟಿ.ವಿ. ಬಿಟ್ಟು ನನ್ನನ್ನು ನೋಡಿದರು. ಮುಂದಿನವನು ಬಂದ. ನಾನು ಸ್ಟೂಲ್ ಎಳೆದುಕೊಂಡೆ. ಕ್ಯಾಚು.

ಕೊಯಮತ್ತೂರಿನ ಜನ ಮರ್ಯಾದೆಗೆ ಹೆಸರಾದವರು. ಕತ್ತು ಹಿಡಿದು ದಬ್ಬುವಾಗಲೂ ಮಾತಿನ ಬಾಲಕ್ಕೆ ಒಂದು ‘ಂಗ’ ಸೇರಿಸಿ ಗೌರವ ಕೊಡುತ್ತಾರೆ. ಮಾಲೀಕರು ಎದ್ದು ಬಂದು ಕೈ ಮುಗಿದು, “ಪೋಂಗಣ್ಣಾ, ಕೊಂಚ ಹೊರಗೆ ಪೋಂಗ. ಎರಕ ಅಲ್ಲೇ ಇಳಿಸಿಬಿಡಿ” ಅಂದರು.

ನನಗೆ ಪಿತ್ತ ನೆತ್ತಿಗೇರಿತು. “ಏನು ಸಾರ್ ಇದು? ಆ ಬೌಲರ್ ಇರೋದು ಆಸ್ಟ್ರೇಲಿಯಾದಲ್ಲಿ. ನಾನು ಇರೋದು ಪೆರಿಯನಾಯಕನಪಾಳ್ಯಂನಲ್ಲಿ. ನಡುವೆ ಸಮುದ್ರ ಇದೆ!”

ಮಾಲೀಕರು ಇನ್ನೂ ಮೆತ್ತಗಾದರು. “ಅದೇ ಭಯ ಅಣ್ಣಾ. ಸಮುದ್ರದ ಈಚೆಯಿಂದಲೇ ಇಷ್ಟು. ನೀವು ಟಿಕೆಟ್ ತಗೊಂಡು ಅಲ್ಲಿಗೇ ಹೋಗಿದ್ದಿದ್ರೆ ನಮ್ಮ ಹುಡುಗರ ಗತಿ ಏನಾಗ್ತಿತ್ತು?”

ಪೋತ್ತನೂರು

ಆ ಪಂದ್ಯ ಸೋತೆವು. ಸೋತದ್ದು ಹನ್ನೊಂದು ಜನ ಆಟಗಾರರು. ಹೆಸರು ಕೆಟ್ಟದ್ದು ನನ್ನದು.

ಎರಡನೇ ಪಂದ್ಯದ ದಿನ ಪೋತ್ತನೂರು ಜಂಕ್ಷನ್ ಹತ್ತಿರದ ಟೀ ಅಂಗಡಿಯಲ್ಲಿ ಗಾಡಿ ನಿಲ್ಲಿಸಿದೆ. ಅಲ್ಲಿ ರೈಲ್ವೆಯವರೇ ಗಿರಾಕಿಗಳು. ನಾನು ಕಾಲು ಕೆಳಗಿಡುವ ಮೊದಲೇ ಟೀ ಮಾಸ್ಟರ್ ಮೊಬೈಲು ತೆಗೆದು ನನ್ನ ಮುಖ ನೋಡಿದ, ಮೊಬೈಲು ನೋಡಿದ, ಮತ್ತೆ ಮುಖ ನೋಡಿದ. ಆ ಟರ್ನರ್ ಮಹಾರಾಯ ನನ್ನ ಫೋಟೋ ತೆಗೆದು ಕ್ರಿಕೆಟ್ ಗೆಳೆಯರ ಗುಂಪಿಗೆಲ್ಲ ಕಳಿಸಿದ್ದಾನೆ! ಕಳ್ಳರ ಫೋಟೋವನ್ನು ಸ್ಟೇಷನ್ನಿನಲ್ಲಿ ಅಂಟಿಸುತ್ತಾರಲ್ಲ, ಹಾಗೆ.

ಬೆಂಚಿನ ಮೇಲಿದ್ದ ರಿಟೈರ್ಡ್ ಗಾರ್ಡ್ ಒಬ್ಬರು ಎದ್ದು ಬಂದರು. ಬೆಳ್ಳನೆ ಮೀಸೆ, ಇಸ್ತ್ರಿ ಮಾಡಿದ ಶರ್ಟು.

“ತಂಬಿ, ತಪ್ಪು ತಿಳೀಬೇಡಿ. ಪ್ಲಾಟ್‌ಫಾರಂ ಖಾಲಿ ಇಲ್ಲದಿದ್ರೆ ರೈಲನ್ನ ಎಲ್ಲಿ ನಿಲ್ಲಿಸ್ತೀವಿ?”

“ಔಟರ್‌ನಲ್ಲಿ.”

“ಹಾ! ನೀವು ಸದ್ಯ ಔಟರ್‌ನಲ್ಲಿದ್ದೀರಿ. ಲೈನ್ ಕ್ಲಿಯರ್ ಆದ ಮೇಲೆ ನಾನೇ ಬಂದು ಒಳಗೆ ತಗೋತೀನಿ.”

ಔಟರ್ ಅಂದರೆ ರಸ್ತೆ ಆಚೆಯ ಬೇವಿನ ಮರ. ಅಲ್ಲಿಗೇ ಟೀ ಬಂತು, ವಡೆ ಬಂತು, ಎಲ್ಲ ಮರ್ಯಾದೆಯೂ ಬಂತು. ಲೈನ್ ಕ್ಲಿಯರ್ ಮಾತ್ರ ಬರಲಿಲ್ಲ. ಇಪ್ಪತ್ತು ವರ್ಷದಿಂದ ಆ ದಾರಿಯಲ್ಲಿ ಓಡಾಡುವ ಮನುಷ್ಯನನ್ನು ಗೂಡ್ಸ್ ಗಾಡಿಯ ಹಾಗೆ ನಿಲ್ಲಿಸುವುದೆಂದರೇನು?

ನಾನೂ ಬಿಡಲಿಲ್ಲ. ನೆರಳು ಹುಡುಕುವವನ ಹಾಗೆ ಗಾಡಿಯನ್ನು ಸ್ವಲ್ಪ ತಿರುಗಿಸಿ ನಿಲ್ಲಿಸಿ, ಸೀಟಿನಲ್ಲಿ ಕೂತು ಪಕ್ಕದ ಕನ್ನಡಿ ಹೊಂದಿಸಿದೆ. ಕನ್ನಡಿಯೊಳಗೆ ಟಿ.ವಿ. ಬಂತು! ಬಲಗೈ ಆಟಗಾರರೆಲ್ಲ ಎಡಗೈಯಲ್ಲಿ ಆಡುತ್ತಿದ್ದರು, ಇರಲಿ. ಒಂದು ಓವರ್ ನೋಡಿದೆನೋ ಇಲ್ಲವೋ, ನಮ್ಮ ಇಬ್ಬರೂ ಬ್ಯಾಟ್ಸ್‌ಮನ್ನುಗಳು ಒಂದೇ ಕಡೆಗೆ ಓಡಿ ನಿಂತರು. ರನ್ ಔಟ್.

ಗಾರ್ಡ್ ಸಾಹೇಬರು ಅಂಗಡಿಯಿಂದ ಇಳಿದು, ರಸ್ತೆ ದಾಟಿ ಬಂದು, ನನ್ನ ಗಾಡಿಯ ಪಕ್ಕ ನಿಂತು ಕನ್ನಡಿಯೊಳಗೆ ಇಣುಕಿದರು. ಆಮೇಲೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಆಕಾಶದ ಕಡೆ ತಿರುಗಿಸಿದರು.

“ಎಲ್ಲಾ ತಿರುಗಾಮುರುಗಾ ನೋಡಿದ್ರೆ ಅವ್ರು ಸರಿಯಾಗಿ ಓಡ್ತಾರಾ ತಂಬಿ?”

ತಿರುಪ್ಪೂರು

ಎರಡನೇ ಪಂದ್ಯ ಗೆದ್ದೆವು, ನಾನು ಆಕಾಶ ನೋಡುತ್ತಿದ್ದಾಗ. ಈಗ ಉಳಿದದ್ದು ಮೂರನೆಯದು. ಗೆದ್ದವರಿಗೇ ಸರಣಿ.

ಆ ದಿನ ಬೆಳಿಗ್ಗೆ ತಿರುಪ್ಪೂರಿನ ಬನಿಯನ್ ಕಂಪೆನಿಯ ಮಾಲೀಕರೊಬ್ಬರು ತಾವಾಗಿಯೇ ಫೋನು ಮಾಡಿದರು. “ಲೋಡು ಏನೂ ಇಲ್ಲ. ಸುಮ್ಮನೆ ಬನ್ನಿ. ಮ್ಯಾಚ್ ನೋಡೋಣ.”

ನನ್ನ ಕಿವಿಯ ಮೇಲೆ ನನಗೇ ನಂಬಿಕೆ ಬರಲಿಲ್ಲ. ಗಾಡಿ ಹಾರಿಸಿಕೊಂಡು ಹೋದೆ. ಬಾಗಿಲಲ್ಲೇ ಮಾಲೀಕರು ಕೈ ಹಿಡಿದು ಕರೆದೊಯ್ದು, ಟಿ.ವಿ. ಮುಂದೆ ಕುರ್ಚಿ ಹಾಕಿ, ಅದರ ಮೇಲೆ ಮೆತ್ತನೆಯ ಬನಿಯನ್ ಬಟ್ಟೆ ಮಡಚಿ ಕೂರಿಸಿದರು. ಬಿಸಿ ಬೋಂಡಾ ಬಂತು. ಹೊಲಿಗೆ ಮೆಷಿನ್ನಿನ ಅಕ್ಕಂದಿರು ಮದುಮಗನನ್ನು ನೋಡುವ ಹಾಗೆ ನೋಡಿದರು. ಮೂಲೆಯಲ್ಲಿ ಟೀ ಶರ್ಟುಗಳ ರಾಶಿ. ಎದೆಯ ಮೇಲೆ ‘ಸರಣಿ ನಮ್ಮದೇ’ ಅಂತ ತಮಿಳಿನಲ್ಲಿ ಆಗಲೇ ಅಚ್ಚಾಗಿತ್ತು!

ಟಾಸ್ ಆಯಿತು. ಆಸ್ಟ್ರೇಲಿಯಾ ಬ್ಯಾಟಿಂಗ್. ಆಗ ಗೊತ್ತಾಯಿತು ಈ ಮರ್ಯಾದೆ ಯಾತಕ್ಕೆ ಅಂತ.

“ಈಗ ನೋಡಿ ಅಣ್ಣಾ” ಅಂದರು ಮಾಲೀಕರು. “ನಿಮ್ಮ ಕೆಲಸ ಶುರು ಮಾಡಿ.”

ಕೆಲಸ! ಬೇಟೆನಾಯಿಗೆ ಬಿಸ್ಕತ್ತು ಹಾಕಿ ಬಿಟ್ಟಂತಾಯಿತು. ಸಿಟ್ಟು ಬಂತು. ಆದರೆ ಬೋಂಡಾ ಚೆನ್ನಾಗಿತ್ತು, ಟಿ.ವಿ. ದೊಡ್ಡದಿತ್ತು. ದೇಶದ ಸಲುವಾಗಿ ಅಂತ ಕಣ್ಣು ಬಿಟ್ಟು ನೋಡಿದೆ. ಫೋರು. ಇನ್ನೂ ಅಗಲ ಬಿಟ್ಟೆ. ಸಿಕ್ಸು. ಅವರ ಆರಂಭಿಕರಿಬ್ಬರೂ ಬಟ್ಟೆ ಒಗೆಯುವ ಹಾಗೆ ಒಗೆಯುತ್ತಲೇ ಇದ್ದರು.

“ಹತ್ತಿರ ಹೋಗಿ ನೋಡಿ” ಅಂದರು ಮಾಲೀಕರು. ಹೋದೆ. ಮತ್ತೆ ಸಿಕ್ಸು. “ಎದ್ದು ಹೊರಗೆ ಹೋಗಿ ಒಳಗೆ ಬನ್ನಿ.” ಬಂದೆ. ನೋ ಬಾಲ್, ಅದರ ಮೇಲೊಂದು ಫೋರು. “ಬಲಗಾಲು ಇಟ್ರೋ ಎಡಗಾಲು ಇಟ್ರೋ?” ಅಂತ ಒಬ್ಬ ಅಕ್ಕ ವಿಚಾರಣೆ ಮಾಡಿದಳು.

ಬೋಂಡಾ ತಟ್ಟೆ ನನ್ನ ಮುಂದಿನಿಂದ ಎದ್ದಿತು. ಆಮೇಲೆ ಕುರ್ಚಿಯ ಮೇಲಿನ ಬಟ್ಟೆ. ನಾನು ಅಂದೆ, “ಸಾರ್, ಮೊದಲನೇ ಪಂದ್ಯದ ದಿನವೇ ಪೆರಿಯನಾಯಕನಪಾಳ್ಯಂನಲ್ಲಿ ಹೇಳಿದ್ದೆ, ನನಗೂ ವಿಕೆಟ್ಟಿಗೂ ಸಂಬಂಧ ಇಲ್ಲ ಅಂತ. ಈಗಲಾದ್ರೂ ಒಪ್ಪಿಕೊಳ್ಳಿ!”

ಮಾಲೀಕರು ಟೀ ಶರ್ಟಿನ ರಾಶಿ ನೋಡಿ ನಿಟ್ಟುಸಿರು ಬಿಟ್ಟರು. “ಸಂಬಂಧ ಇದೆ ಅಣ್ಣಾ, ಚೆನ್ನಾಗೇ ಇದೆ. ನಿಮ್ಮ ಕಾಲ್ಗುಣ ಕೆಟ್ಟದ್ದು ಅಂತ ಮಾತ್ರ ಅಂದುಕೊಂಡಿದ್ವಿ. ಅದು ಆಸ್ಟ್ರೇಲಿಯಾದ ಕಡೆಯದು ಅಂತ ಗೊತ್ತಿರಲಿಲ್ಲ.”

ಉಡುಮಲೈಪೇಟೆ

ಹೊರಗಿನವರು ಹೇಗಾದರೂ ಇರಲಿ, ಒಡಹುಟ್ಟಿದವಳು ಇದ್ದಾಳಲ್ಲ. ಗಾಡಿಯನ್ನು ನೇರ ಉಡುಮಲೈಪೇಟೆಗೆ ಬಿಟ್ಟೆ. ಅಕ್ಕನ ಮನೆಯವರದು ಕೊಬ್ಬರಿ ವ್ಯಾಪಾರ. ಮನೆ ಪಕ್ಕದಲ್ಲೇ ಕಣ, ಅದರ ತುಂಬ ಒಣಹಾಕಿದ ಕೊಬ್ಬರಿ. ಮನೆಯೊಳಗೆ ನಮ್ಮದು ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಅಂಥ ಮನೆಯಲ್ಲಿ ನನಗೆ ನ್ಯಾಯ ಸಿಗುತ್ತದೆ ಅಂದುಕೊಂಡೆ. ಅದರಲ್ಲೂ ಅಕ್ಕನಿಗೆ ನನ್ನ ಸಂಕಟ ಗೊತ್ತು. ಅವಳು ಮದುವೆಯಾಗಿ ಕಾಲಿಟ್ಟ ವಾರವೇ ಬಾವಿಯ ಮೋಟಾರು ಸುಟ್ಟು, ಅವಳತ್ತೆ ವರ್ಷಗಟ್ಟಲೆ ಕಾಲ್ಗುಣ ಕಾಲ್ಗುಣ ಅಂತ ಕುಕ್ಕಿದ್ದರು.

ನಮ್ಮವರ ಬ್ಯಾಟಿಂಗ್ ಶುರುವಾಗಿತ್ತು. ನಾನು ಅಂಗಳದಲ್ಲಿರುವಾಗಲೇ ಭಾವ ಒಳಗಿಂದ ಓಡಿ ಬಂದು ಬಾಗಿಲಿಗೆ ಅಡ್ಡ ನಿಂತರು. “ಬಾ ಮಾಪ್ಳೆ, ಬಾ. ಕಣದಲ್ಲಿ ಕಾಗೆ ಕಾಟ ಜಾಸ್ತಿ. ಕೊಂಚ ನೋಡ್ಕೊ.”

“ಅಕ್ಕಾ!” ಅಂತ ಕೂಗಿದೆ. “ನೀನೂ ಇದನ್ನ ನಂಬ್ತೀಯಾ? ನಿಮ್ಮತ್ತೆ ನಿನಗೆ ಅಂದದ್ದು ಮರೆತುಹೋಯ್ತಾ?”

ಅಕ್ಕ ಕಿಟಕಿಯಿಂದ ಮುಖ ಹಾಕಿದಳು. “ಮರೆತಿಲ್ಲ ಕಣೋ. ಆದ್ರೆ ನಾನು ಸುಟ್ಟದ್ದು ಒಂದು ಮೋಟಾರು. ನೀನು ಇಡೀ ದೇಶ ಸುಡ್ತಾ ಇದ್ದೀಯ.”

ಸಾಯಂಕಾಲದ ಹೊತ್ತಿಗೆ ಒಳಗಿಂದ ಭಾರಿ ಕೂಗು ಎದ್ದಿತು. ಸರಣಿ ಗೆದ್ದೆವು. ಇಡೀ ಭಾರತ ಆ ಕೊನೆಯ ಸಿಕ್ಸರ್ ನೋಡಿತು. ನಾನು ನೋಡಿದ್ದು ಕಾಗೆ.

ಮರುದಿನ ಬೆಳಿಗ್ಗೆ

ಮರುದಿನ ಟಿ.ವಿ.ಯಲ್ಲಿ ಅದೇ ಪಂದ್ಯದ ನಮ್ಮ ಬ್ಯಾಟಿಂಗ್ ಮತ್ತೆ ಹಾಕಿದರು. ನಾನು ಸೋಫಾದ ನಡುವೆ ಕೂತುಬಿಟ್ಟೆ.

“ಬೇಡ ಮಾಪ್ಳೆ” ಅಂದರು ಭಾವ.

“ಏನು ಬೇಡ? ಮುಗಿದು ಹೋಗಿದೆ ಭಾವಾ! ಕಪ್ ಹಿಡಿದ ಫೋಟೋ ನಿಮ್ಮ ಕೈಯಲ್ಲಿರೋ ಪೇಪರಿನಲ್ಲೇ ಬಂದಿದೆ!”

“ಅದು ಸರಿ. ಆದ್ರೂ ಯಾಕೆ ಸುಮ್ಮನೆ...”

ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅದನ್ನು ನೋಡಿ ಅಕ್ಕ, “ಪಾಪ, ನೋಡ್ಲಿ ಬಿಡಿ” ಅಂದಳು. ಮೂವರೂ ಕೂತೆವು. ನಮ್ಮ ಆರಂಭಿಕ ಆಟಗಾರ ಬಂದ, ಆಡಿದ, ಹೋದ. ಎಷ್ಟಾದರೂ ಅವನು ನಿನ್ನೆಯೇ ಹೋದವನು. ಭಾವ ನನ್ನ ಕಡೆ ನೋಡಲಿಲ್ಲ. ಎರಡನೆಯವನೂ ಹೋದ. ಅಕ್ಕ ಸೌಟು ಹಿಡಿದುಕೊಂಡು ಕೆಮ್ಮಿದಳು. ಮೂರನೆಯವನೂ ಹೋದ.

“ನಿನ್ನೆ ಇಷ್ಟು ಹೊತ್ತಿಗೆ ಮೂರು ಹೋಗಿತ್ತಾ?” ಅಂತ ಅಕ್ಕ ಪಿಸುಗುಟ್ಟಿದಳು.

“ಎರಡೇ ಅಂತ ಜ್ಞಾಪಕ” ಅಂದರು ಭಾವ.

ನಾಲ್ಕನೆಯವನ ಕ್ಯಾಚು ಮೇಲೆ ಹೋಯಿತು. ಆ ಚೆಂಡು ಇನ್ನೂ ಗಾಳಿಯಲ್ಲಿರುವಾಗಲೇ ನಾನು ಎದ್ದು, ಯಾರೂ ಹೇಳದೆ, ನನ್ನ ಕಾಲಿನಲ್ಲೇ ನಡೆದು ಹೊರಗೆ ಬಂದೆ. ಹಿಂದಿನಿಂದ ಕೇಳಿಸಿತು: “ಬಿಟ್ಟ! ಕ್ಯಾಚು ಬಿಟ್ಟ!”

ಆಮೇಲೆ ನಾನು ಕಣದಲ್ಲಿ ಕೊಬ್ಬರಿಯ ನಡುವೆ ನಿಂತು, ನಿನ್ನೆ ಮುಗಿದ ಪಂದ್ಯದ ಸ್ಕೋರನ್ನು ಕಿಟಕಿಯಲ್ಲಿ ಕೇಳುತ್ತಿದ್ದೆ. “ಭಾವಾ, ಇನ್ನೆಷ್ಟು ಬೇಕು?” “ಅಲ್ಲೇ ಇರು, ಆಗ್ತಾ ಇದೆ!”

ಕೊನೆಗೆ ಅದೇ ಕೂಗು. “ಗೆದ್ದಾಯ್ತು! ಈಗ ಬಾ!” ಅಂದಳು ಅಕ್ಕ. ಕಪ್ ಕೊಡುವುದನ್ನಾದರೂ ನೋಡೋಣ ಅಂತ ಓಡಿದೆ. ನಮ್ಮ ನಾಯಕ ವೇದಿಕೆ ಹತ್ತಿ ಕೈ ಚಾಚಿದ. ನಾನು ಹೊಸ್ತಿಲು ದಾಟಿದೆ. ಕರೆಂಟು ಹೋಯಿತು.

“ಅಯ್ಯೋ! ಕಪ್ ಕೈಗೆ ಬಂತೋ ಇಲ್ಲವೋ?” ಅಂತ ಅಕ್ಕ ಎದೆಗೆ ಕೈ ಇಟ್ಟುಕೊಂಡಳು.

ಭಾವ ಬೆಳಗಿನ ಪೇಪರು ಎತ್ತಿಕೊಂಡು, ಬಾಗಿಲ ಬೆಳಕಿಗೆ ಹಿಡಿದು, ಫೋಟೋದಲ್ಲಿ ಕಪ್ ಇನ್ನೂ ಇದೆಯಾ ಅಂತ ನೋಡಿದರು. ಇತ್ತು. ನಾನೂ ನೋಡೋಣ ಅಂತ ಅವರ ಹೆಗಲ ಮೇಲಿಂದ ಬಗ್ಗಿದೆ.

ಭಾವ ಪಟ್ಟನೆ ಪೇಪರು ಮಡಚಿ ಬಗಲಲ್ಲಿ ಇಟ್ಟುಕೊಂಡರು.