ಸೊಂಡಿಲಹುಳದ ನಾಮಕರಣ

ಪಾರೀಸನ ಮೇಜಿನ ಮೇಲಿದ್ದ ಬೆಂಕಿಪೊಟ್ಟಣದಲ್ಲಿ ಕಡ್ಡಿಗಳಿರಲಿಲ್ಲ, ಒಂದು ಹುಳವಿತ್ತು. ಮನೆಯೊಡತಿ ಮಾಣಿಕಬಾಯಿಗೆ ಅದು ಗೊತ್ತಿರಲಿಲ್ಲ. ಬೆಳಿಗ್ಗೆ ಆರಕ್ಕೆ ಒಲೆ ಹೊತ್ತಿಸಲು ಹೋದರೆ ಅವಳ ಕಡ್ಡಿಗಳು ಮುಗಿದಿದ್ದವು. ಬಾಡಿಗೆಯ ಮಾಸ್ತರ ಸ್ನಾನಕ್ಕೆ ಹೋಗಿದ್ದ. ಅವನ ಪೊಟ್ಟಣ ಎತ್ತಿಕೊಂಡು ತೆರೆದಳು. ಒಳಗೆ ಬಾಡಿದ ಎಲೆ, ಎಲೆಯ ಮೇಲೆ ಗೋದಿಕಾಳಿನಷ್ಟು ಉದ್ದದ ಬೂದು ಹುಳ. ಕಾಲು ಮಡಚಿಕೊಂಡು ಸತ್ತು ಬಿದ್ದಿತ್ತು.

"ಅಯ್ಯ, ಯಾವಾಗ ಸಿಕ್ಕೊಂಡಿತ್ತೋ, ಪಾಪ" ಎಂದು ಅಂಗೈಮೇಲೆ ಹಾಕಿಕೊಂಡಳು. ಅಂಗೈಯ ಬಿಸಿ ತಾಗಿದ ಸ್ವಲ್ಪ ಹೊತ್ತಿಗೆ ಹುಳ ಒಂದೊಂದೇ ಕಾಲು ಬಿಚ್ಚಿ, ಆನೆಯ ಸೊಂಡಿಲಿನಂಥ ಮೂತಿ ಎತ್ತಿ ನಡೆಯತೊಡಗಿತು. ಸತ್ತದ್ದು ತನ್ನ ಕೈಯಲ್ಲಿ ಬದುಕಿತಲ್ಲ ಎಂದು ಮಾಣಿಕಬಾಯಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಜೋಳ ಹಸನು ಮಾಡುವಾಗ ಮೊರದಲ್ಲಿ ಕಂಡ ನುಸಿಯನ್ನೂ ಕೊಲ್ಲದೆ ನೆರಳಿಗೆ ಬಿಟ್ಟುಬರುವ ಜೈನರ ಹೆಂಗಸು ಅವಳು. ಹಿತ್ತಲಿಗೆ ಹೋಗಿ ನುಗ್ಗೆಗಿಡದ ಬುಡದಲ್ಲಿ ಹುಳವನ್ನು ಮೆಲ್ಲಗೆ ಇಳಿಸಿದಳು.

ಪಾರೀಸ ತಲೆ ಒರೆಸಿಕೊಳ್ಳುತ್ತ ಬಂದಾಗ ಅವಳೇ ಹೇಳಿದಳು. "ಪಾರೀಸ, ನಿನ್ನ ಕಡ್ಡಿಪೆಟ್ಟಿಗ್ಯಾಗ ಒಂದು ಹುಳ ಸಾಯಾಕ ಬಿದ್ದಿತ್ತಪಾ. ಬದುಕಿಸಿ ಬಿಟ್ಟೆ."

ಪಾರೀಸನ ಕೈಯಿಂದ ಟವೆಲು ಜಾರಿತು. "ಎಲ್ಲಿ ಬಿಟ್ರಿ, ಮಾವಶಿ?"

"ಇನ್ನೆಲ್ಲಿ? ಅದರ ಮನಿಗಿ."

ಆ ಹುಳದ ಮನೆ ಹಿತ್ತಲಲ್ಲಿರಲಿಲ್ಲ. ಗಡಹಿಂಗ್ಲಜದ ಆಚೆ ನೂಲವೆಂಬ ಹಳ್ಳಿಯಲ್ಲಿ, ಗೆಳೆಯ ಭೀಮಗೊಂಡನ ಹೊಲದ ಬದುವಿನ ಮುಳ್ಳು ತುಂಬಿದ ಬಾರಿಹಣ್ಣಿನ ಗಿಡದಲ್ಲಿತ್ತು. ಕೊಲ್ಹಾಪುರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಹಂಗಾಮಿ ಡೆಮಾನ್‌ಸ್ಟ್ರೇಟರ್ ಆಗಿದ್ದ ಪಾರೀಸ ಎಷ್ಟು ಪುಸ್ತಕ ತಿರುವಿದರೂ ಅದಕ್ಕೆ ಹೊಂದುವ ಹೆಸರು ಸಿಕ್ಕಿರಲಿಲ್ಲ. ಹಿಂದಿನ ದಿನ ಪುಣೆಯ ಕೀಟಪಂಡಿತರೊಬ್ಬರು ಕಾಲೇಜಿಗೆ ಭಾಷಣಕ್ಕೆ ಬಂದಿದ್ದರು. ಪಾರೀಸ ಧೈರ್ಯ ಮಾಡಿ ತಾನು ಬರೆದ ಚಿತ್ರ ತೋರಿಸಿದ. ಪಂಡಿತರು ಅದನ್ನು ಮೂಗಿಗೆ ತಾಗಿಸಿಕೊಂಡು ನೋಡಿದರು.

"ಹೊಸ ಪ್ರಭೇದ ಇರಬಹುದು. ನಾಳೆ ಸಂಜೆ ಐದರ ಗಾಡಿಗೆ ಹೊರಡುತ್ತೇನೆ, ಮುಂದೆ ಲಂಡನ್ನಿಗೆ. ಹುಳವನ್ನು ಸ್ಟೇಶನ್ನಿಗೆ ತಂದುಕೊಡಿ, ಅಲ್ಲಿನ ಸಂಗ್ರಹದ ಜೊತೆ ಹೋಲಿಸುತ್ತೇನೆ. ಹೊಸದಾದರೆ ಹಿಡಿದವರ ಹೆಸರನ್ನೇ ಇಡೋಣ. ಒಳಗೆ ಚೀಟಿ ಇರಲಿ. ಹೆಸರು, ಊರು, ತಾರೀಖು. ನನಗೆ ಮುಖ ನೆನಪಿರುವುದಿಲ್ಲ, ಚೀಟಿ ಮಾತ್ರ."

ಪಕ್ಕದಲ್ಲಿದ್ದ ಪ್ರಿನ್ಸಿಪಾಲರು ಉಬ್ಬಿ, "ಹುಳಕ್ಕ ಹೆಸರು ಬರ್ಲಿ ಪಾರೀಸ, ಜೂನದಾಗ ಲೆಕ್ಚರರ್ ಜಾಗಾ ಖಾತ್ರಿ" ಎಂದಿದ್ದರು. ಜಾಗ ಖಾಯಂ ಆದರೆ ಗಡಹಿಂಗ್ಲಜದ ಬಾಳಗೊಂಡರ ಮಗಳು ಶಾಲನಳ ಜೊತೆ ಲಗ್ನ. ಆಗದಿದ್ದರೆ ಇಲ್ಲ. ಬಾಳಗೊಂಡರು ಅದನ್ನು ಎರಡು ಸಲ ಹೇಳಿಕಳಿಸಿದ್ದರು.

ಇಷ್ಟೆಲ್ಲ ಇದ್ದೂ ಹುಳವನ್ನು ರಾತ್ರಿಯೇ ಸ್ಪಿರಿಟ್ಟಿನಲ್ಲಿ ಹಾಕಿಡಲು ಪಾರೀಸನಿಗೆ ಕೈ ಬಂದಿರಲಿಲ್ಲ. ಪ್ರಾಣಿಶಾಸ್ತ್ರ ಓದಿದ್ದರೂ ಕೊಲ್ಲುವ ಕೆಲಸವನ್ನೆಲ್ಲ ಲ್ಯಾಬಿನ ಜವಾನ ಗುರುಸಿದ್ದನಿಗೆ ಬಿಡುವ ರೂಢಿ ಅವನದು. ಬೆಳಿಗ್ಗೆ ನೋಡೋಣ ಎಂದು ಮಲಗಿದ್ದ.

ನುಗ್ಗೆಗಿಡದ ಬುಡದಲ್ಲಿ ಪಾರೀಸ ಮೊಣಕಾಲೂರಿದ್ದನ್ನು ಗೋಡೆಯಾಚೆಯಿಂದ ಊರಲೆಕ್ಕದ ತಲಾಠಿಯಾಗಿ ನಿವೃತ್ತರಾದ ರಾವಸಾಹೇಬರು ಕಂಡರು. "ಕಾಯ್ ಮಾಸ್ತರ, ಏನ್ ಕಳಕೊಂಡ್ರಿ?"

"ಹುಳ ರೀ."

"ಅಷ್ಟ ಅಲ್ಲೇನು? ತಡೀರಿ."

ಐದು ನಿಮಿಷದಲ್ಲಿ ಅರ್ಧ ಓಣಿ ಹಿತ್ತಲಲ್ಲಿತ್ತು. ಹೀರಾಬಾಯಿ ತನ್ನ ಮನೆಯ ಬೇಳೆಯಿಂದ ನಾಲ್ಕು ನುಸಿ ತಂದಳು. ತಾರವ್ವ ಜಿರಲೆಯೊಂದನ್ನು ಮೀಸೆ ಹಿಡಿದು ತಂದಳು. ರಾವಸಾಹೇಬರು ಕೆಂಪಿರುವೆ ತರಲು ಹೋಗಿ ಕಚ್ಚಿಸಿಕೊಂಡು, "ಇದು ನಿಮ್ದ ಇರಬೇಕು, ಭಾಳ ಸಿಟ್ಟಿನದು" ಎಂದು ಬೆರಳು ಚಾಚಿದರು. ಯಾರನ್ನು ಬೈಯುವುದು? ಎಲ್ಲರೂ ಚಹಾ ಸಹ ಕುಡಿಯದೆ ಬಂದಿದ್ದರು.

ಏಳೂವರೆಯ ಎಸ್.ಟಿ. ಬಸ್ಸು ಹಿಡಿದು ನೂಲಕ್ಕೇ ಹೋಗಿಬರುವುದೊಂದೇ ಉಳಿದ ದಾರಿ. ಹೊಸ ಹುಳವನ್ನು ಇಡುವುದಾದರೂ ಯಾವುದರಲ್ಲಿ? ಮಾಣಿಕಬಾಯಿ ಪಕ್ಕದ ಮನೆಯ ಕೆಂಡ ತಂದು ಹೊತ್ತಿಸಿದ ಒಲೆಗೆ ಬೆಂಕಿಪೊಟ್ಟಣ ಅಷ್ಟರಲ್ಲಿ ಸೇರಿತ್ತು.

ಸಂಗತಿ ತಿಳಿದ ಮಾಣಿಕಬಾಯಿ ಸೆರಗು ಬಾಯಿಗಿಟ್ಟುಕೊಂಡಳು. "ಆ ಹುಳ ಯಾಕ ಬೇಕಾಗಿತ್ತಪಾ ಸಾಹೇಬರಿಗೆ? ಕೊಲ್ಲಾಕೇನು?"

ಪಾರೀಸ ಬಗ್ಗಿ ಚಪ್ಪಲಿ ಮೆಟ್ಟತೊಡಗಿದ. "ಹೆಸರಿಡಾಕ್ರಿ, ಮಾವಶಿ."

"ಹೆಸರಿಡಾಕ!" ಅವಳ ಮುಖ ಅರಳಿತು. ಒಳಗೆ ಹೋಗಿ ಟ್ರಂಕಿನ ತಳದಿಂದ ಒಂದು ಬೆಳ್ಳಿಯ ಕುಂಕುಮದ ಡಬ್ಬಿ ತಂದಳು. ಗಂಡ ತೀರಿಹೋದ ಮೇಲೆ ಹದಿನೈದು ವರ್ಷ ಅದು ಹೊರಗೆ ಬಂದಿರಲಿಲ್ಲ. ಮುಚ್ಚಳದ ಚುಕ್ಕಿ ಅಕ್ಷರಗಳ ಮೇಲೊಮ್ಮೆ ಬೆರಳಾಡಿಸಿ, "ನಮ್ಮಪ್ಪ ಬೆಳ್ಳಿ ಕೆಲಸದ ಊರು ಹುಪರಿಯಾಗ ಮಾಡಿಸಿದ್ದು. ಕೂಸಿನ್ನ ತೊಟ್ಟಲದಾಗ ಹಾಕೂ ಮುಂದ ಕಡ್ಡಿಪೆಟ್ಟಿಗ್ಯಾಗ ಕಳಸ್ತಾರೇನ? ತಿರುಗಿ ತಂದು ಕೊಡು, ಅಷ್ಟ ಸಾಕು" ಎಂದಳು.

ಬೇಡವೆನ್ನಲು ಹೊತ್ತಿರಲಿಲ್ಲ. ಪಾರೀಸ ಡಬ್ಬಿಯನ್ನು ಕಿಸೆಗೆ ಹಾಕಿಕೊಂಡು ಓಡಿದ.

ನೂಲದಲ್ಲಿ ಭೀಮಗೊಂಡ ಊಟ ಮಾಡದೆ ಬಿಡಲೊಲ್ಲೆ ಎಂದ. ಪಾರೀಸ ಒಂದು ಕೈಯಲ್ಲಿ ರೊಟ್ಟಿ ಹಿಡಿದೇ ಬಾರಿಗಿಡದೊಳಗೆ ನುಗ್ಗಿದ. ಈ ಹುಳಕ್ಕೊಂದು ಅಭ್ಯಾಸವಿತ್ತು, ಯಾರಾದರೂ ಮುಟ್ಟಿದರೆ ಸತ್ತಂತೆ ನಟಿಸಿ ಕೆಳಗೆ ಉದುರುವುದು. ಮೊದಲನೆಯದು ಉದುರಿ ಬಿರುಕಿನಲ್ಲಿ ಹೋಯಿತು. ಎರಡನೆಯದು ಅಂಗಿಯ ಕಾಲರಿನೊಳಗೆ ಹೋಯಿತು. ಅದನ್ನು ಹುಡುಕಿ ತೆಗೆಯುವ ಹೊತ್ತಿಗೆ ಮೈಯೆಲ್ಲ ಮುಳ್ಳು ಗೀರಿ, ಪಾರೀಸ ಬೆಕ್ಕಿನ ಜೊತೆ ಜಗಳವಾಡಿ ಸೋತವನಂತೆ ಕಾಣುತ್ತಿದ್ದ. ಹುಳವನ್ನು ಡಬ್ಬಿಯಲ್ಲಿಟ್ಟ. ಶಾಯಿಯಲ್ಲಿ ಚೀಟಿ ಬರೆದು, ಶಾಯಿ ಆರುವಷ್ಟು ಊದಿ, ಎಲೆಯ ಕೆಳಗೆ ಹಾಸಿದ. ಹೆಸರು, ಊರು, ತಾರೀಖು. ಎರಡು ಸಲ ಓದಿ ನೋಡಿದ.

ಗಡಹಿಂಗ್ಲಜದ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಹತ್ತು ನಿಮಿಷವಿರುವಾಗ ಎದುರಿಗೇ ಬಾಳಗೊಂಡರು. ಅಳಿಯನಾಗುವವನನ್ನು ಕಂಡು ಅವರಿಗೆ ಖುಷಿಯಾಯಿತು. ಅಂಗಿ ಹರಿದದ್ದನ್ನು ನೋಡಿದರೂ ಏನೂ ಕೇಳದೆ, ಒತ್ತಾಯ ಮಾಡಿ ಚಹಾ ತರಿಸಿದರು. ಪಾರೀಸ ಆಗಾಗ ಡಬ್ಬಿ ತೆಗೆದು ಕಿವಿಗೆ ಹಿಡಿದು ನೋಡುತ್ತಿದ್ದ. ಬಾಳಗೊಂಡರ ಕಣ್ಣು ಅದರ ಮೇಲೆ ಬಿತ್ತು.

"ಹುಪರಿ ಕೆಲಸ! ಕುಂಕುಮದ ಡಬ್ಬಿ." ನಕ್ಕು ಕೈ ಚಾಚಿದರು. "ಈಗಿಂದನ ಇದೆಲ್ಲಾ ಯಾಕ ತರಾಕ ಹೋದ್ರಿ? ಕೊಡ್ರಿ, ಶಾಲನಗ ಮುಟ್ಟಸ್ತೇನಿ."

"ಬ್ಯಾಡ್ರಿ! ಅದ್ರಾಗ ಹುಳ ಐತ್ರಿ!"

ಬಾಳಗೊಂಡರು ಚಾಚಿದ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಟೊಪ್ಪಿಗೆ ಸರಿಮಾಡಿಕೊಂಡರು. "ಆ ಹುಳದ ಮ್ಯಾಲನ ನನ್ನ ನೌಕರಿ ನಿಂತೈತ್ರಿ" ಎಂದು ಪಾರೀಸ ಬಸ್ಸಿನ ಕಿಟಕಿಯಿಂದ ಕೂಗಿದ್ದು ಪರಿಸ್ಥಿತಿಯನ್ನು ಸುಧಾರಿಸಿದಂತೆ ಕಾಣಲಿಲ್ಲ.

ಬಸ್ಸು ಹೊರಟಿತು, ಊರ ಹೊರಗೆ ನಿಂತಿತು. ದೂರದ ಹೊಲದಿಂದ ಒಬ್ಬ ಮುದುಕಿ ಕೈಬೀಸುತ್ತ ಬರುತ್ತಿದ್ದಳು. ಡ್ರೈವರ್ ಎಂಜಿನ್ ಬಂದ್ ಮಾಡಿ ಬೀಡಿ ಹಚ್ಚಿದ.

"ಅವಸರ ಐತ್ರಿ, ಐದಕ್ಕ ಗಾಡಿ!"

"ಮುದುಕಿ ಐತಿ ಮಾಸ್ತರ. ಸಂಜಿತನಾ ಬ್ಯಾರೆ ಬಸ್ ಇಲ್ಲ. ಬಿಟ್ಟು ಹೋಗೂದೇನು?"

ಪಾರೀಸ ಕಿಟಕಿಯತ್ತ ಸರಿದು ಕೂತ. ಮುದುಕಿ ಲಗಮವ್ವ ಬಂದು ಅವನ ಪಕ್ಕದಲ್ಲೇ ಕೂತಳು. ಅವನು ಡಬ್ಬಿ ಕೊಂಚ ತೆರೆದು, ಹುಳ ಇದೆಯೇ ಎಂದು ನೋಡುವಾಗ ಅವಳೂ ಬಗ್ಗಿದಳು.

"ಇದನ್ಯಾಕ ಹೊತಗೊಂಡು ಹೊಂಟಿಯೋ ಯಪ್ಪಾ? ಎಲಿ ಬಾಡೇತಿ. ಬಿಸಲಿಗೆ ನೀರಡಸಿರತೈತಿ ಅದಕ್ಕ." ಬೇಡವೆನ್ನುವ ಮೊದಲೇ ತಂಬಿಗೆಯಲ್ಲಿ ಬೆರಳದ್ದಿ ನಾಲ್ಕು ಹನಿ ಚಿಮುಕಿಸಿದಳು. ಮತ್ತೆ ನಾಲ್ಕು. "ಹಾಂ, ಈಗ ತಂಪಾತು."

ಹುಳ ಸೊಂಡಿಲೆತ್ತಿತು. ಹಾರಿಹೋದೀತೆಂದು ಪಾರೀಸ ಪಟ್ಟನೆ ಮುಚ್ಚಳ ಒತ್ತಿದ. ಆಮೇಲೆ ತೆರೆಯುವ ಧೈರ್ಯ ಮಾಡಲಿಲ್ಲ.

ಕೊಲ್ಹಾಪುರ ಮುಟ್ಟಿದಾಗ ಐದಕ್ಕೆ ಮೂರು ನಿಮಿಷ. ಸ್ಟೇಶನ್ನಿಗೆ ಓಡಿದ. ಗಾಡಿ ಸೀಟಿ ಹಾಕಿತು. ಫಸ್ಟ್ ಕ್ಲಾಸಿನ ಕಿಟಕಿಯಲ್ಲಿ ಪಂಡಿತರ ದಪ್ಪ ಕನ್ನಡಕ ಕಂಡಿತು. ಹುಳವನ್ನು ಬೇರೆ ಡಬ್ಬಿಗೆ ಹಾಕಿ ಬೆಳ್ಳಿಯದನ್ನು ಉಳಿಸಿಕೊಳ್ಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದನ್ನೆಲ್ಲ ಮರೆತು, ಓಡುತ್ತಲೇ ಡಬ್ಬಿಯನ್ನು ಅವರ ಕೈಗೆ ತುರುಕಿದ.

"ಸೊಂಡಿಲಹುಳ ಸರ್! ಚೀಟಿ ಒಳಗ ಐತಿ!"

ಪಂಡಿತರು ಡಬ್ಬಿಯನ್ನು ಮೂಗಿಗೆ ತಾಗಿಸಿ ನೋಡಿ, ಮೆಚ್ಚಿಗೆಯಿಂದ ತಲೆಯಾಡಿಸಿದರು. ಗಾಡಿ ಹೋಯಿತು. ಮಾಣಿಕಬಾಯಿಯ ತವರಿನ ಬೆಳ್ಳಿಯೂ ಹೋಯಿತು.

ಮನೆಗೆ ಬಂದು ಹೇಳುವಾಗ ಅವನಿಗೆ ಅಳುವೇ ಬಂತು. ಮಾಣಿಕಬಾಯಿ ಅವನ ಗೀರುಗಳಿಗೆ ಅರಿಸಿನ ಕಲಸಿದಳು. "ಹೋಗ್ಲಿ ಬಿಡು. ಹೆಸರಿಡೂ ಮುಂದ ಏನರ ಕೊಡಬೇಕಲಾ, ಕೊಟ್ಟಂಗಾತು." ಅದನ್ನು ಕೇಳಿ ಪಾರೀಸನಿಗೆ ಇನ್ನೂ ಕಷ್ಟವಾಯಿತು. ಆಗಲೇ ಕೂತು ಪಂಡಿತರಿಗೆ ಪತ್ರ ಬರೆದ. ಹುಳದ ಮಾತು ಈಗ ಎತ್ತಿದರೆ ಆತುರಗಾರ ಎಂದುಕೊಂಡಾರು ಎಂದು ಡಬ್ಬಿಯ ಬಗ್ಗೆ ಮಾತ್ರ ಬರೆದ: ಡಬ್ಬಿ ಶ್ರೀಮತಿ ಮಾಣಿಕಬಾಯಿಯವರದು, ಬಹಳ ವರ್ಷ ಜೋಪಾನವಾಗಿ ಕಾಪಾಡಿಕೊಂಡು ಬಂದದ್ದು, ದಯವಿಟ್ಟು ಅವರಿಗೆ ಮರಳಿಸಬೇಕು.

ಜೂನ್ ತಿಂಗಳಲ್ಲಿ ಪ್ರಿನ್ಸಿಪಾಲರ ಹೆಸರಿಗೆ ಪಾರ್ಸೆಲ್ ಬಂತು. ಒಳಗೆ ಬೆಳ್ಳಿಯ ಡಬ್ಬಿ, ಅಚ್ಚಾದ ಹಾಳೆಗಳು, ಒಂದು ಪತ್ರ. ಸ್ಟಾಫ್ ರೂಮಿನಲ್ಲಿ ಎಲ್ಲರನ್ನೂ ಕೂಡಿಸಿ ಪ್ರಿನ್ಸಿಪಾಲರು ಓದಿದರು. ಹುಳ ಹೊಸದೇ! ಪಾರೀಸ ಎದ್ದು ನಿಂತ. ಲ್ಯಾಟಿನ್ ಹೆಸರಿನ ಮೊದಲರ್ಧಕ್ಕೆ ಪ್ರಿನ್ಸಿಪಾಲರ ನಾಲಿಗೆ ತಿರುಗಲಿಲ್ಲ. ಎರಡನೆಯ ಅರ್ಧ ಸ್ಪಷ್ಟವಾಗಿತ್ತು. 'ಮಾಣಿಕಬಾಯೇ.' ಹೆಂಗಸಿನ ಹೆಸರಿಟ್ಟರೆ ಲ್ಯಾಟಿನ್ನಿನಲ್ಲಿ ಕೊನೆಗೆ ಹಾಗೆ ಬರುತ್ತದಂತೆ. ಸಿಕ್ಕ ಊರು ಇಚಲಕರಂಜಿ. ಹಿಡಿದ ತಾರೀಖು ೧೪ ಫೆಬ್ರುವರಿ ೧೯೩೧.

ಪಾರೀಸ ಡಬ್ಬಿಯನ್ನು ಕೈಗೆತ್ತಿಕೊಂಡ. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ, ಲಗ್ನದ ಪಾತ್ರೆಗಳ ಮೇಲೆಲ್ಲ ಕೊರೆಸುವಂತೆ ಕೊರೆಸಿತ್ತು: 'ಸೌ. ಮಾಣಿಕಬಾಯಿ, ಇಚಲಕರಂಜಿ, ತಾ. ೧೪-೨-೧೯೩೧.' ಹೆಸರು, ಊರು, ತಾರೀಖು.

ಪಂಡಿತರ ಪತ್ರ ಪಾರೀಸನಿಗೇ ಇತ್ತು, ಪ್ರಿನ್ಸಿಪಾಲರು ಅದನ್ನೂ ಓದಿದರು. "ಒಳಗಿನ ಕಾಗದದ ಶಾಯಿ ನೀರಿಗೆ ಹರಡಿ ಒಂದಕ್ಷರವೂ ಉಳಿದಿರಲಿಲ್ಲ. ಮುಚ್ಚಳದ ಮೇಲಿನದನ್ನು ನಂಬುವುದೋ ಬಿಡುವುದೋ ಎಂದು ಅನುಮಾನವಿತ್ತು. ನಿಮ್ಮ ಪತ್ರ ಲಂಡನ್ನಿಗೆ ತಲುಪಿ ಅನುಮಾನ ಪರಿಹಾರವಾಯಿತು. ಮೂವತ್ತು ವರ್ಷ ಒಂದು ಕಾಲೂ ಮುರಿಯದಂತೆ ಹುಳವನ್ನು ಕಾಪಾಡಿದ ಆ ತಾಯಿಗೆ ನಮಸ್ಕಾರ ತಿಳಿಸಿ. ಡಬ್ಬಿಯನ್ನು ಸ್ಟೇಶನ್ನಿಗೆ ತಲುಪಿಸಿದ ನಿಮಗೂ ಧನ್ಯವಾದ."

"ಸರ್, ಇದು ತಪ್ಪು..." ಎಂದು ಪಾರೀಸ ಬಾಯಿ ತೆರೆದ. ಅಷ್ಟರಲ್ಲಿ ಪ್ರಿನ್ಸಿಪಾಲರು ಅಚ್ಚಾದ ಹಾಳೆಯ ಮುಂದಿನ ಸಾಲು ಓದಿದರು. "ಹತ್ತಿರದ ಪ್ರಭೇದಕ್ಕೂ ಇದಕ್ಕೂ ಒಂದೇ ವ್ಯತ್ಯಾಸ. ಇದರ ಬೆನ್ನಿನ ರೋಮಗಳಲ್ಲಿ ಅತಿ ನುಣುಪಾದ ಕೆಂಪು ಪುಡಿ ಇದೆ; ಇಂಥದು ಈ ಕುಲದಲ್ಲಿ ಬೇರೆಲ್ಲೂ ಕಂಡಿಲ್ಲ."

ಪಾರೀಸ ಡಬ್ಬಿಯ ಮೂಲೆಯನ್ನು ಬೆರಳಿನಿಂದ ಒರೆಸಿದ. ಬೆರಳಿಗೆ ಹದಿನೈದು ವರ್ಷದ ಹಿಂದಿನ ಕುಂಕುಮ ಹತ್ತಿತು. ಹುಳ ತನ್ನದೆಂದು ವಾದಿಸಿದರೆ ಕುಂಕುಮದ ಮಾತೂ ಹೇಳಬೇಕು. ಹೇಳಿದರೆ ಹೊಸ ಹುಳವೇ ಇಲ್ಲ. ಅವನು ಬೆರಳನ್ನು ಅಂಗಿಗೆ ಒರೆಸಿಕೊಂಡು ಕೂತ.

"ಲೆಕ್ಚರರ್ ಜಾಗಾ, ಸರ್?"

"ಅದು ಹೆಸರು ಬಂದವರಿಗಂತ ಅಂದಿದ್ದೆ ಪಾರೀಸ," ಪ್ರಿನ್ಸಿಪಾಲರು ಗಂಭೀರವಾಗಿ ಯೋಚಿಸಿದರು. "ಮಾಣಿಕಬಾಯಿಯವರು ಎಷ್ಟು ಕಲ್ತಾರ?"

ಮಾಣಿಕಬಾಯಿ ಮರಾಠಿ ನಾಲ್ಕನೆಯ ಇಯತ್ತೆ ಓದಿದ್ದಳು. ಸಂಜೆ ಅಚ್ಚಾದ ಹಾಳೆಯಲ್ಲಿ ಪಾರೀಸ ತೋರಿಸಿದ ಜಾಗದ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತಳು. ಪಾತ್ರೆಗಳ ಮೇಲೆ ಬಿಟ್ಟರೆ ತನ್ನ ಹೆಸರನ್ನು ಅವಳು ಎಲ್ಲಿಯೂ ಕಂಡಿರಲಿಲ್ಲ.

"ಹುಳ ಆರಾಮ ಐತೇನಪಾ?"

"ಲಂಡನ್ನದಾಗ ಗಾಜಿನ ಮನ್ಯಾಗ ಇಟ್ಟಾರ್ರಿ, ಮಾವಶಿ. ಭಾಳ ಕಾಳಜಿ ತಗೋತಾರ."

ಮರುದಿನ ಬೆಳಿಗ್ಗೆ ಪಾರೀಸ ಕದ ತೆರೆದರೆ ಅಂಗಳದಲ್ಲಿ ಓಣಿಯೇ ಸಾಲು ನಿಂತಿತ್ತು. ಹೀರಾಬಾಯಿಯ ಕೈಯಲ್ಲಿ ಹಿತ್ತಾಳೆಯ ವಾಟಿ, ತಾರವ್ವನ ಕೈಯಲ್ಲಿ ಅರಿವೆ ಕಟ್ಟಿದ ತಂಬಿಗೆ. ಎಲ್ಲರ ಹಿಂದೆ ರಾವಸಾಹೇಬರು ತಾಮ್ರದ ಹಂಡೆ ಹೊತ್ತು ಏದುಸಿರು ಬಿಡುತ್ತಿದ್ದರು.

"ಮಾಸ್ತರ, ಹೆಸರು, ಊರು, ತಾರೀಖ ಎಲ್ಲಾ ಕೊರದದ್ದ ಐತಿ. ಹಂಡೆ ಮ್ಯಾಲ ನಮ್ಮಪ್ಪಂದೂ ಹೆಸರೈತಿ, ಅದಕ್ಕ ಎರಡ ಹುಳ ಹಾಕೇನಿ!"

ಮಾಣಿಕಬಾಯಿ ಒಳಗಿಂದ ಚಹಾ ತಂದು ಪಾರೀಸನ ಕೈಗಿಟ್ಟು, ಮೆಲ್ಲಗೆ ಹೇಳಿದಳು. "ಎಲ್ಲಾರದೂ ಕಳಸ್ತಿ, ನಿಂದೂ ಒಂದು ಕಳಸಪಾ. ನಿನ್ನ ಹೆಸರು ಕೊರದಿದ್ದ ಪಾತ್ರೆ ಯಾವದೈತಿ ತಗೊಂಡು ಬಾ, ಹುಳ ನಾ ಹುಡುಕಿ ಕೊಡ್ತೇನಿ."

ಪಾರೀಸ ಕೈಯಲ್ಲಿದ್ದ ಕಪ್ಪನ್ನು ತಿರುಗಿಸಿ ನೋಡಿದ. ಅದೂ ಅವಳದೇ.

"ಅವು ಲಗ್ನದಾಗ ಬರ್ತಾವ್ರಿ, ಮಾವಶಿ," ಎಂದ. "ಲಗ್ನ ನೌಕರಿ ಖಾಯಂ ಆದ ಮ್ಯಾಲ."